ಲಂಕೆ ಕಟ್ಟಿದ್ದು ಕೊಲ್ಹಾಪುರದಲ್ಲಿ

ಸಮಡೋಳಿಯ ಎಸ್‌ಟಿ ಸ್ಟ್ಯಾಂಡಿನಲ್ಲಿ ನಿಂತಿದ್ದೀರಿ. ಡಿಸೆಂಬರಿನ ಬೆಳಗು, ವಾರಣೆಯ ಕಡೆಯಿಂದ ಬರುವ ಗಾಳಿಗೆ ಕಿವಿ ಸೆಟೆದಿವೆ. ಎರಡು ಟ್ರೇಲರ್ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರ್ ಒಂದು ತೊನೆಯುತ್ತ ಬರುತ್ತದೆ. ಎಂಜಿನ್ನಿನ ಸದ್ದಿಗಿಂತ ಅದರ ಸ್ಪೀಕರಿನ ಸದ್ದೇ ಜೋರು. ಮೊದಲು ಮರಾಠಿ ಹಾಡು, ಅದು ಮುಗಿಯುವ ಮೊದಲೇ ಕನ್ನಡ ಹಾಡು. ಶಾಲೆಗೆ ಹೊರಟ ಹುಡುಗ ಎರಡಕ್ಕೂ ತುಟಿ ಆಡಿಸುತ್ತಾನೆ. ಪಕ್ಕದ ಅಜ್ಜಿ ಮೊಮ್ಮಗಳಿಗೆ ಕನ್ನಡದಲ್ಲಿ ಗದರಿ, ಅದೇ ಉಸಿರಿನಲ್ಲಿ ಕಂಡಕ್ಟರನಿಗೆ ಮರಾಠಿಯಲ್ಲಿ ಟಿಕೀಟು ಕೇಳುತ್ತಾಳೆ. ಇಲ್ಲಿ ಇದನ್ನು ಯಾರೂ ವಿಶೇಷವೆಂದು ಎಣಿಸುವುದಿಲ್ಲ. 1924ರಲ್ಲಿ ಶಾಂತಿಸಾಗರ ಮುನಿಗಳಿಗೆ ಆಚಾರ್ಯ ಪದವಿ ಸಂದದ್ದು ಇದೇ ಊರಿನಲ್ಲಿ. ಅವರು ನಿಪ್ಪಾಣಿ ಕಡೆಯ ಭೋಜದವರು, ಅಂದರೆ ಈಗಿನ ಲೆಕ್ಕದಲ್ಲಿ ಪರರಾಜ್ಯದವರು. ಆಗ ಆ ಲೆಕ್ಕ ಇರಲಿಲ್ಲ.

ಲೆಕ್ಕ ಬಂದದ್ದು 1956ರಲ್ಲಿ, ಭಾಷಾವಾರು ರಾಜ್ಯಗಳ ಗಡಿ ಎಳೆದಾಗ. ಅಲ್ಲಿಂದಾಚೆಗಿನದು ಗೊತ್ತೇ ಇದೆ: ಮಹಾಜನ ಆಯೋಗ, 1967ರ ವರದಿ, 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋದದ್ದು, ನಡುನಡುವೆ ಕಲ್ಲು, ಮಸಿ, ಬಂದ್. ನಾನು ನಿಮ್ಮನ್ನು ಕರೆದೊಯ್ಯಲು ಹೊರಟಿರುವುದು ಬೇರೆ ಕಡೆಗೆ. ಈ ಗಡಿಯ ಎರಡೂ ಬದಿಯವರು ಬೆಳ್ಳಿತೆರೆಯ ಮುಂದೆ ಒಂದೇ ಬೆಂಚಿನ ಮೇಲೆ ಕೂತವರು. ಆ ಬೆಂಚು ಗಡಿಗಿಂತ ಹಳೆಯದು.

ಬಸ್ಸು ಸಾಂಗಲಿಗೆ ಬಂತು. ಇಳಿದು ವಿಷ್ಣುದಾಸ ಭಾವೆ ನಾಟ್ಯಗೃಹದ ಮುಂದೆ ಒಂದು ಗಳಿಗೆ ನಿಲ್ಲಿ. 1842ರಲ್ಲಿ ಹೊನ್ನಾವರದ ಬಳಿಯ ಕರ್ಕಿಯಿಂದ ಯಕ್ಷಗಾನದ ಮೇಳವೊಂದು ಘಟ್ಟ ಹತ್ತಿ ಇಲ್ಲಿಗೆ ಬಂದು, ಚಿಂತಾಮಣರಾವ್ ಪಟವರ್ಧನರ ಆಸ್ಥಾನದಲ್ಲಿ ಆಡಿತು. ಕಿರೀಟ ಕಟ್ಟಿದ ರಾಕ್ಷಸರು ಕುಣಿದದ್ದನ್ನು ಕಂಡ ರಾಜರಿಗೆ ಅಂಥದು ನಮ್ಮ ಭಾಷೆಯಲ್ಲೂ ಬೇಕೆನಿಸಿತು. ಆಸ್ಥಾನದ ತರುಣ ವಿಷ್ಣುದಾಸ ಭಾವೆಗೆ ಆಜ್ಞೆಯಾಯಿತು. 1843ರ ನವೆಂಬರ್ 5ರಂದು 'ಸೀತಾ ಸ್ವಯಂವರ' ರಂಗಕ್ಕೇರಿತು. ಮರಾಠಿ ರಂಗಭೂಮಿ ಇಂದಿಗೂ ಆ ದಿನವನ್ನೇ ತನ್ನ ಹುಟ್ಟುಹಬ್ಬವೆಂದು ಆಚರಿಸುತ್ತದೆ. ಕರ್ಕಿಯವರ ಭಾಷೆ ಸಭೆಯಲ್ಲಿ ಎಷ್ಟು ಜನರಿಗೆ ಅರ್ಥವಾಗಿತ್ತೋ, ಚೆಂಡೆಯಂತೂ ಎಲ್ಲರಿಗೂ ಅರ್ಥವಾಗಿತ್ತು.

ಇದೇ ಸಾಂಗಲಿಯಲ್ಲಿ ದೀನಾನಾಥ ಮಂಗೇಶಕರ್ ನಾಟಕದ ದುಡ್ಡನ್ನು ಸಿನಿಮಾಕ್ಕೆ ಸುರಿದು ಕೈಸುಟ್ಟುಕೊಂಡರು. ಅವರ ಮಗಳು ಲತಾ ಇಲ್ಲಿ ಬಾಲ್ಯ ಕಳೆದವಳು. ಮುಂದೆ 1967ರಲ್ಲಿ, ಮಹಾಜನ ವರದಿ ಹೊರಬಿದ್ದ ಅದೇ ವರ್ಷ, 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' ಚಿತ್ರಕ್ಕಾಗಿ ಕನ್ನಡದಲ್ಲಿ ಹಾಡಿದಳು. ಮುಂದೆ ಗಡಿಯ ಜಗಳದಲ್ಲಿ ಬೆಳಗಾವಿಯ ರಾಯಣ್ಣನ ಪ್ರತಿಮೆಗೆ ಕೈ ಹಚ್ಚಿದವರ ಮನೆಯ ರೇಡಿಯೋದಲ್ಲೂ ಆ ದನಿ ಬಂದಿದ್ದೀತು.

ಈಗ ಕೊಲ್ಹಾಪುರದ ಬಸ್ಸು. ಜಯಸಿಂಗಪುರ, ಹಾತಕಣಂಗಲೆ ದಾಟಿದ ಮೇಲೆ ಕಣ್ಣು ಮುಚ್ಚಿ. ತೆರೆದಾಗ 1933 ಮುಗಿಯುತ್ತಿರಲಿ.

ನಗರದಲ್ಲಿ ಟಾಂಗಾಗಳ ಸದ್ದು. ಬಾಬುರಾವ್ ಪೇಂಟರ್ ತನ್ನ ಕೈಯಾರೆ ಕ್ಯಾಮೆರಾ ಕೂಡಿಸಿ ಚಿತ್ರ ತೆಗೆಯಲು ಹೊರಟಾಗಿನಿಂದ ಈ ಊರಿಗೆ ಸಿನಿಮಾದ ಗೀಳು ಹಿಡಿದಿದೆ. ಬಡಗಿ ಸೆಟ್ಟು ಕಟ್ಟುತ್ತಾನೆ, ಸಿಂಪಿಗ ರಾಜನ ಪೋಷಾಕು ಹೊಲಿಯುತ್ತಾನೆ, ತಾಲೀಮಿನ ಪೈಲವಾನರು ಸೈನಿಕರಾಗುತ್ತಾರೆ. ಮರಾಠಿಯ ಮೊದಲ ವಾಕ್ಚಿತ್ರ 'ಅಯೋಧ್ಯೇಚಾ ರಾಜಾ' 1932ರಲ್ಲಿ ಇಲ್ಲೇ ಆಯಿತು. ಅದನ್ನು ಮಾಡಿದ ಪ್ರಭಾತ್ ಕಂಪನಿ ಈ ವರ್ಷ ಪುಣೆಗೆ ಗಂಟುಮೂಟೆ ಕಟ್ಟಿದೆ. ಅದರ ನಿರ್ದೇಶಕ ವಿ. ಶಾಂತಾರಾಮ್ ಹುಡುಗನಾಗಿದ್ದಾಗ ಹುಬ್ಬಳ್ಳಿಯಲ್ಲಿದ್ದವನು. ರೈಲ್ವೆ ವರ್ಕ್‌ಶಾಪಿನಲ್ಲಿ ಕೈ ಕಪ್ಪಾಗಿಸಿಕೊಂಡು, ಸಂಜೆ ಚಿತ್ರಮಂದಿರದ ಬಾಗಿಲು ಕಾಯುತ್ತ ಫಾಲ್ಕೆಯ ಚಿತ್ರಗಳನ್ನು ನೋಡಿದವನು. ಮರಾಠಿ ಸಿನಿಮಾದ ಮಹಾಪುರುಷನಿಗೆ ಹುಚ್ಚು ಹತ್ತಿದ್ದು ನಮ್ಮ ಹುಬ್ಬಳ್ಳಿಯ ಕತ್ತಲಲ್ಲಿ ಎಂದು ಹೇಳಿಕೊಳ್ಳಲು ನಮಗೇಕೆ ಇಷ್ಟು ಸಂಕೋಚವೋ!

ಛತ್ರಪತಿ ಸಿನಿಟೋನ್ ಸ್ಟುಡಿಯೋದ ಗೇಟು ದಾಟಿ ಬನ್ನಿ. ಒಳಗೆ ಲಂಕೆ ಎದ್ದಿದೆ.

ದೊಡ್ಡ ಮೀಸೆಯ ರಾವಣ ಆಚೀಚೆ ಓಡಾಡುತ್ತ ಹಾರ್ಮೋನಿಯಂನವನಿಗೆ ಏನನ್ನೋ ತಿದ್ದುತ್ತಿದ್ದಾನೆ. ಆತ ಆರ್. ನಾಗೇಂದ್ರರಾವ್. ಬಿಲ್ಲು ಹಿಡಿದು ಮೂಲೆಯಲ್ಲಿ ಮಾತು ಮನನ ಮಾಡುತ್ತಿರುವ ಇಂದ್ರಜಿತು ಎಂ.ವಿ. ಸುಬ್ಬಯ್ಯ ನಾಯ್ಡು, ಮುಂದೆ ಹುಟ್ಟಲಿರುವ ಲೋಕೇಶರ ತಂದೆ. ಸುಲೋಚನೆಯಾಗಿ ತ್ರಿಪುರಾಂಬ, ಮಂಡೋದರಿಯಾಗಿ ಲಕ್ಷ್ಮೀಬಾಯಿ. ಲಕ್ಷ್ಮಣನ ವೇಷದಲ್ಲೇ ನಿರ್ದೇಶನವನ್ನೂ ಮಾಡುತ್ತಿರುವವರು ವೈ.ವಿ. ರಾವ್, ತೆಲುಗಿನವರು. ಲಕ್ಷ್ಮಿ ಎಂಬ ನಟಿಯನ್ನು ನೀವು ಬಲ್ಲಿರಲ್ಲ, ಅವರ ತಂದೆ. ಮಾತು, ಹಾಡು ಬೆಳ್ಳಾವೆ ನರಹರಿಶಾಸ್ತ್ರಿಗಳದು. ಸುಮಾರು ನಲವತ್ತು ಸಾವಿರ ರೂಪಾಯಿ ಹಾಕಿದವರು ಬೆಂಗಳೂರಿನಲ್ಲಿ ವ್ಯಾಪಾರ ಮಾಡುವ ಮಾರವಾಡಿ ಚಮನ್‌ಲಾಲ್ ಡುಂಗಾಜಿ. ಬೆಂಗಳೂರಿನಲ್ಲಿ ಇನ್ನೂ ಟಾಕಿ ಸ್ಟುಡಿಯೋ ಇಲ್ಲ. ಅದಕ್ಕೇ ಮೈಸೂರು ಸೀಮೆಯ ಒಂದು ನಾಟಕ ಕಂಪನಿ ಮೂಟೆ ಹೊತ್ತು ಇಲ್ಲಿಗೆ ಬಂದು ಎರಡು ತಿಂಗಳು ಬೀಡುಬಿಟ್ಟಿದೆ. ಚಿತ್ರದ ಹೆಸರು 'ಸತಿ ಸುಲೋಚನಾ'.

ಗೋಡೆಗೆ ಒರಗಿ ನಿಲ್ಲಿ, ಸದ್ದು ಮಾಡಬೇಡಿ. ಹಿನ್ನೆಲೆ ಗಾಯನ ಇನ್ನೂ ಬಂದಿಲ್ಲ. ನಟರೇ ಹಾಡಬೇಕು, ಅದೂ ಕ್ಯಾಮೆರಾ ತಿರುಗುತ್ತಿರುವಾಗಲೇ. ಪಕ್ಕವಾದ್ಯದವರು ಚೌಕಟ್ಟಿನಾಚೆ ಮೈ ಕುಗ್ಗಿಸಿ ಕೂತಿದ್ದಾರೆ. ಹೊರಗೊಂದು ಕಾಗೆ ಕೂಗಿದರೆ ಇಡೀ ಶಾಟ್ ಮಣ್ಣು, ಮತ್ತೆ ಮೊದಲಿನಿಂದ. ಕಾಗೆ ಓಡಿಸುವವನು ಮರಾಠಿಯವನು, ದೀಪ ಹಿಡಿದವನು ಮರಾಠಿಯವನು, ಲಂಕೆಯ ಕಂಬಕ್ಕೆ ಬಣ್ಣ ಬಳಿದವನೂ ಮರಾಠಿಯವನೇ. ನಿರ್ದೇಶಕ ತೆಲುಗು, ಸಾಹುಕಾರ ಮಾರವಾಡಿ. ಧ್ವನಿ ಹಿಡಿಯುವ ಪೆಟ್ಟಿಗೆಯೊಳಗೆ ಇಳಿಯುತ್ತಿರುವ ಮಾತು ಮಾತ್ರ ಕನ್ನಡ.

ಮಧ್ಯಾಹ್ನದ ಊಟದ ಹೊತ್ತು ಹೇಗಿದ್ದೀತೆಂದು ಊಹಿಸುವುದು ಕಷ್ಟವಲ್ಲ. ಮೈಸೂರಿನ ನಾಲಿಗೆಗೆ ಕೊಲ್ಹಾಪುರದ ಖಾರ ತಾಗಿ ಇಂದ್ರಜಿತುವಿನ ಕಣ್ಣಲ್ಲಿ ನೀರು. ವಾನರ ಸೈನ್ಯದ ಪೈಲವಾನನೊಬ್ಬ ನಗುತ್ತ ಮಜ್ಜಿಗೆಯ ತಂಬಿಗೆ ಮುಂದೆ ಚಾಚುತ್ತಾನೆ. 'ಘ್ಯಾ ರಾಜೇ, ಘ್ಯಾ' ಎನ್ನುತ್ತಾನೆ. ನಾಳೆ ಅದೇ ಪೈಲವಾನ ಈ ರಾಜನ ಮೇಲೆ ಗದೆ ಬೀಸಬೇಕು. ಸ್ನೇಹವೆನ್ನುವುದು ಇಂಥ ಕಡೆ ಭಾಷಣದಿಂದ ಹುಟ್ಟುವುದಿಲ್ಲ. ಹತ್ತು ಸಲ ಹಾಳಾದ ಶಾಟು ಹನ್ನೊಂದನೆಯ ಸಲ ಸರಿಹೋದಾಗ, ಭಾಷೆ ತಿಳಿಯದವನೂ 'ವಾಹ್' ಅನ್ನುತ್ತಾನಲ್ಲ, ಆಗ ಹುಟ್ಟುತ್ತದೆ.

1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್‌ನಲ್ಲಿ ಜನ ಮುಗಿಬಿದ್ದು ಕನ್ನಡದ ಮೊದಲ ಟಾಕಿಯನ್ನು ನೋಡಿದರು. ಅದೇ ವರ್ಷ ಬಂದ 'ಭಕ್ತ ಧ್ರುವ'ವನ್ನು ನಿರ್ದೇಶಿಸಿದವರು ಮರಾಠಿ ರಂಗಭೂಮಿಯ ಪಾರ್ಶ್ವನಾಥ ಆಲ್ತೇಕರ್. ಕನ್ನಡ ಸಿನಿಮಾ ಮಾತು ಕಲಿತ ಮೊದಲ ವರ್ಷದಲ್ಲಿ ಅದರ ಕೈಹಿಡಿದು ನಡೆಸಿದವರಲ್ಲಿ ಮರಾಠಿಗರು ಎಷ್ಟು ಜನ! 'ಸತಿ ಸುಲೋಚನಾ'ದ ಪ್ರತಿ ಈಗ ಉಳಿದಿಲ್ಲ. ಮುಖ್ಯ ಪಾತ್ರಗಳ ದನಿ, ಲಂಕೆ, ಕಾಗೆ, ಎಲ್ಲ ಹೋಯಿತು.

ಈಗ ಮತ್ತೆ ಕಣ್ಣು ಮುಚ್ಚಿ ತೆರೆಯಿರಿ, ಅದೇ ಕೊಲ್ಹಾಪುರ. 2019ರ ಡಿಸೆಂಬರ್ ಕೊನೆ. ಚಿತ್ರಮಂದಿರವೊಂದರಲ್ಲಿ ರಕ್ಷಿತ್ ಶೆಟ್ಟಿಯ 'ಅವನೇ ಶ್ರೀಮನ್ನಾರಾಯಣ' ಓಡುತ್ತಿದೆ. ಗಡಿಯ ಜಗಳ ಮತ್ತೆ ಕಾವೇರಿದೆ. ಬಾವುಟ ಹಿಡಿದ ಗುಂಪು ಒಳಗೆ ನುಗ್ಗುತ್ತದೆ, ಆಟ ನಿಲ್ಲುತ್ತದೆ, ಬೆಳಗಾವಿಯ ಬಸ್ಸೂ ನಿಲ್ಲುತ್ತದೆ. ಅರ್ಧ ನೋಡಿದ ಸಿನಿಮಾದಿಂದ ಎದ್ದು ಬರುವುದಿದೆಯಲ್ಲ, ಅದು ಉಣ್ಣುವ ತಟ್ಟೆ ಕಸಿದ ಹಾಗೆ. ನಮ್ಮ ಕಡೆಯವರೇನೂ ಸಾಧುಗಳಲ್ಲ, 2022ರ ಡಿಸೆಂಬರಿನಲ್ಲಿ ಹಿರೇಬಾಗೇವಾಡಿಯ ಟೋಲ್ ಬಳಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿದ್ದವು. ಪುಣೆಯಲ್ಲಿ ನಮ್ಮ ಬಸ್ಸುಗಳಿಗೆ ಮಸಿ. ಅದಕ್ಕೆ ಎರಡು ತಿಂಗಳ ಹಿಂದಷ್ಟೇ 'ಕಾಂತಾರ' ಗಡಿ ದಾಟಿ ಮಹಾರಾಷ್ಟ್ರದಲ್ಲೂ ಸೀಟಿ ಹೊಡೆಸಿಕೊಂಡಿತ್ತು. ಅದಕ್ಕೂ ಮುಂಚೆ 'ಸೈರಾಟ್' ಇತ್ತ ಬಂದಿತ್ತು. ನಾಗರಾಜ ಮಂಜುಳೆಯ ಆ ಚಿತ್ರ 2017ರಲ್ಲಿ 'ಮನಸು ಮಲ್ಲಿಗೆ'ಯಾದಾಗ ನಾಯಕಿಯನ್ನು ಬದಲಿಸಲು ಯಾರಿಗೂ ಮನಸ್ಸು ಬರಲಿಲ್ಲ, ರಿಂಕು ರಾಜಗುರುವೇ ಕನ್ನಡಕ್ಕೂ ಬಂದಳು. ಆಟ ನಿಲ್ಲಿಸಿದವರಲ್ಲಿ, ಕಲ್ಲೆಸೆದವರಲ್ಲಿ ಇವನ್ನೆಲ್ಲ ನೋಡಿದವರು ಇದ್ದೇ ಇರುತ್ತಾರೆ. ಸಿನಿಮಾ ಎಲ್ಲರನ್ನೂ ಒಳ್ಳೆಯವರನ್ನಾಗಿ ಮಾಡುತ್ತದೆಂದು ನಾನು ಹೇಳುತ್ತಿಲ್ಲ.

ಬಸ್ಸಿಲ್ಲದಿದ್ದರೆ ರೈಲಿದೆ. ಕೊಲ್ಹಾಪುರದಿಂದ ಮಿರಜಿಗೆ ಬನ್ನಿ. 1905ರಲ್ಲಿ ಬಾಲಗಂಧರ್ವರು ಶಕುಂತಲೆಯಾಗಿ ಮೊದಲ ಸಲ ರಂಗಕ್ಕೆ ಬಂದ ಊರು ಇದು. ಅವರ ಬಹುಕಾಲದ ಸಂಗಾತಿ ಗೋಹರಬಾಯಿ ನಮ್ಮ ಬೀಳಗಿಯವಳು. ಬಾಲಗಂಧರ್ವರ ಹಾಡಿಗೆ ಮರುಳಾಗಿ ಬಂದು, ಅವರ ಜೊತೆ ಪಾತ್ರ ಮಾಡಿ, ಜೊತೆಗೇ ಉಳಿದಳು. ಮುಸ್ಲಿಮಳು, ಕನ್ನಡದವಳು ಎಂದು ಮರಾಠಿ ರಸಿಕರು ಬಹುಕಾಲ ಮುಖ ಸಿಂಡರಿಸಿದರು. ಆಕೆಯ ಸೋದರಿ ಅಮೀರಬಾಯಿ ಕರ್ನಾಟಕಿ ಮುಂಬೈಯಲ್ಲಿ 'ಕಿಸ್ಮತ್'ಗೆ ಹಾಡಿ ದೇಶವನ್ನೇ ಮರುಳು ಮಾಡಿ, ಗಳಿಸಿದ್ದರಲ್ಲಿ ವಿಜಾಪುರದಲ್ಲಿ 'ಅಮೀರ ಟಾಕೀಜ್' ಕಟ್ಟಿಸಿದಳು. ಹೋದವಳು ಹೋಗಿಬಿಡಲಿಲ್ಲ, ತೆರೆಯೊಂದನ್ನು ಹೊತ್ತು ತಂದಳು.

ಮಿರಜಿನಿಂದ ಬೆಳಗಾವಿ ಕಡೆಯ ಪ್ಯಾಸೆಂಜರ್ ಹೊರಟಿತು. ಕಿಟಕಿಯ ಸೀಟು ಹಿಡಿದಿದ್ದೀರಿ. ವಿಜಯನಗರ ಸ್ಟೇಷನ್ ಕಳೆದು ಶೇಡಬಾಳ ಬರುವುದರೊಳಗೆ ರಾಜ್ಯ ಬದಲಾಗುತ್ತದೆ. ಕಬ್ಬು ಬದಲಾಗುವುದಿಲ್ಲ. ಎದುರಿಗೆ ಇಬ್ಬರು. ಸಾಂಗಲಿ ಕಡೆಯ ತರುಣನ ಕೈಯಲ್ಲಿ ಮೊಬೈಲು. ರಾಯಬಾಗಕ್ಕೆ ಹೋಗುವ ಮುದುಕರ ತಲೆಯ ಮೇಲೆ ಬಿಳಿ ಟೋಪಿ. ಯಾರ ತುಕಾರಾಮ ದೊಡ್ಡವನು ಎಂದು ಜಗಳ ಹತ್ತಿದೆ. ಪ್ರಭಾತ್‌ನ 1936ರ 'ಸಂತ ತುಕಾರಾಮ್'ನಲ್ಲಿ ವಿಷ್ಣುಪಂತ ಪಾಗನೀಸ್, 1963ರ ಕನ್ನಡದ್ದರಲ್ಲಿ ರಾಜಕುಮಾರ್.

'ಕಾಕಾ, ಪಾಗನೀಸ ಪಾರ್ಟ್ ಮಾಡಿಲ್ರಿ. ಖರೇನ ತುಕಾರಾಮ ಬಂದು ಕುಂತಿದ್ದ. ವೆನಿಸ್ಸಿನ್ಯಾಗ ಬಿಳೇ ಮಂದೀನೂ ಹೊಗಳ್ಯಾರ.'

'ಬಿಳೇ ಮಂದಿಗೆ ಏನ್ ತಿಳೀತದೋ ತಮ್ಮಾ ವಿಠ್ಠಲನ ಭಜನಿ? ನಮ್ಮ ರಾಜಕುಮಾರನ್ನ ನೋಡಿ ನಮ್ಮವ್ವ ಟಾಕೀಜದಾಗ ಕೈ ಮುಗದಿದ್ಲು.'

'ಆದ್ರ ದನಿ ಅವರದಲ್ರೀ! ಹಾಡಿದಾಂವ ಪಿ.ಬಿ. ಶ್ರೀನಿವಾಸ. ಪಾಗನೀಸ ತಾನ ಹಾಡ್ಯಾನ.'

ಮುದುಕರಿಗೆ ಇದು ತಾಗಿತು. ಉಗಾರ ಬರುವತನಕ ಕಿಟಕಿಯಾಚೆ ನೋಡಿದರು. ಕೃಷ್ಣೆಯ ಸೇತುವೆ ಧಡಧಡ ಅನ್ನುವಾಗ ತಿರುಗಿದರು.

'ಅದಿರ್ಲಿ. ಆ ವಿಠ್ಠಲ ಯಾರಾಂವ? ಕಾನಡಿ ದೇವ್ರು ಅಂತ ನಿಮ್ಮ ಜ್ಞಾನೇಶ್ವರನ ಹಾಡ್ಯಾನಲ್ಲ, ಅದಕ್ಕೇನಂತಿ?'

'ಅದಕ್ಕ ಸುಪ್ರೀಂ ಕೋರ್ಟಿಗೇ ಹೋಗಬೇಕ್ರಿ ಕಾಕಾ.'

ಇಡೀ ಡಬ್ಬಿ ನಕ್ಕಿತು. ಮುದುಕರೂ ನಕ್ಕು, ಚಷ್ಮಾ ಒರೆಸಿ ಹಾಕಿಕೊಂಡು, ತರುಣನ ಮಗ್ಗುಲಿಗೆ ಸರಿದು ಕೂತರು.

'ಕುಡಚಿ ಈಗ ಬಂತು, ರಾಯಬಾಗ ಇನ್ನೂ ಮುಂದ ಅದ. ನಿನ್ನ ಪಾಗನೀಸನ್ನ ಹಚ್ಚು, ನೋಡೂಣು. ಆಮ್ಯಾಲೆ ನಮ್ಮಾಂವನ್ನ ಹಚ್ಚಬೇಕು ಮತ್ತ.'