ಚೆಟ್ಟಳ್ಳಿಯ ನಾಲ್ವರಿಗೆ ಬೆಂಗಳೂರಿನಲ್ಲಿ ಎರಡು ರೂಮು

ಶನಿವಾರ ಬೆಳಗ್ಗೆ ಹತ್ತು ಗಂಟೆ ಮೇಲೆ ನಮ್ಮ ಚೆಟ್ಟಳ್ಳಿ ಪೇಟೆಯಲ್ಲಿ ಸುಮ್ಮನೆ ನಿಂತು ನೋಡಿ. ಕೆಎ 01, ಕೆಎ 03, ಕೆಎ 05, ಕೆಎ 51... ಬೆಂಗಳೂರಿನ ಕಾರುಗಳು ಒಂದರ ಹಿಂದೆ ಒಂದು. ಗಾಜು ಇಳಿಸಿ ಕೇಳುವ ಪ್ರಶ್ನೆ ಒಂದೇ: ‘ಬ್ರೋ, ಈ ಹೋಂಸ್ಟೇಗೆ ಯಾವ ಕಡೆ? ಮ್ಯಾಪ್ ತೋಟದೊಳಗೆ ಕರ್ಕೊಂಡು ಹೋಗ್ತಿದೆ.’

ಗೊತ್ತಿಲ್ಲದವರಿಗೆ ಹೇಳ್ತೀನಿ. ಚೆಟ್ಟಳ್ಳಿ ಅಂದರೆ ಮಡಿಕೇರಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಪುಟ್ಟ ಊರು. ಸುತ್ತ ಕಾಫಿ, ಮರಕ್ಕೆ ಹಬ್ಬಿದ ಕಾಳುಮೆಣಸು, ನಡುನಡುವೆ ಕಿತ್ತಳೆ. ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರ 1946ರಿಂದ ಇಲ್ಲಿದೆ. ಕಿತ್ತಳೆ, ಬೆಣ್ಣೆಹಣ್ಣು, ರಂಬುಟಾನ್ ಮೇಲೆ ಕೆಲಸ ಮಾಡುವ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರವೂ ಇದೆ. ಆನೆ ರಸ್ತೆ ದಾಟಿದರೆ ಯಾರೂ ಅದನ್ನು ದೊಡ್ಡ ಸುದ್ದಿ ಮಾಡುವುದಿಲ್ಲ.

ಬೆಂಗಳೂರಿನವರು ಒಂದು ರಾತ್ರಿ ಕಳೆಯೋಕೆ ನಮ್ಮೂರಿಗೆ ಬರ್ತಾರೆ. ನಮ್ಮೂರಿನ ನಾಲ್ವರು ಒಂದು ರಾತ್ರಿ ಕಳೆಯೋಕೆ ಬೆಂಗಳೂರಿಗೆ ಹೋದರೆ ಎಲ್ಲಿ ಉಳಿಯಬೇಕು? ಈ ಪ್ರಶ್ನೆಗೆ ಉತ್ತರ ಹುಡುಕೋಕೆ ನಮ್ಮ ವಾಟ್ಸಾಪ್ ಗ್ರೂಪಿಗೆ ಮೂರು ವಾರ ಬೇಕಾಯಿತು.

ನಾವು ನಾಲ್ವರೂ ಒಂದೇ ಶಾಲೆಯಲ್ಲಿ ಓದಿದವರು. ಒಬ್ಬ ಊರಲ್ಲೇ ಮೂರು ರೂಮಿನ ಹೋಂಸ್ಟೇ ನಡೆಸ್ತಾನೆ. ಒಬ್ಬ ಶಾಲಾ ಶಿಕ್ಷಕ, ನಮಗೆಲ್ಲ ಮೇಷ್ಟ್ರು. ಇನ್ನೊಬ್ಬ ಅಪ್ಪ ಬಿಟ್ಟುಹೋದ ಎರಡೂವರೆ ಎಕರೆ ಕಾಫಿ ನೋಡಿಕೊಂಡು, ಉಳಿದ ದಿನ ಪಿಕಪ್ ಜೀಪ್ ಓಡಿಸ್ತಾನೆ. ನಾಲ್ಕನೆಯವನು ನಾನು. ಬೆಂಗಳೂರಿನಲ್ಲಿ ಕೋಡ್ ಬರೆಯುವ ಕೆಲಸ, ಒಂದು ಬಿಎಚ್‌ಕೆ ಬಾಡಿಗೆ ಮನೆ, ‘ರಾತ್ರಿ ಗೆಸ್ಟ್ ಇಲ್ಲ’ ಅಂತ ಅಗ್ರಿಮೆಂಟಿನಲ್ಲೇ ಬರೆಸಿಕೊಂಡ ಓನರ್.

ಪಿಕಪ್ ಓಡಿಸುವ ಗೆಳೆಯನ ಅಪ್ಪ ಹೋಗಿ ವರ್ಷದ ಕಾರ್ಯ ಮುಗಿದಿತ್ತು. ಅವನನ್ನ ಒಂದು ದಿನ ಹೊರಗೆ ಕರ್ಕೊಂಡು ಹೋಗಬೇಕು ಅಂತ ಮೇಷ್ಟ್ರು ಶುರು ಮಾಡಿದ. ಎಲ್ಲಿಗೆ ಅಂದರೆ, ‘ಬೆಂಗಳೂರಿಗೇ ಹೋಗೋಣ. ಅದನ್ನ ಆಸ್ಪತ್ರೆ ಬಿಟ್ಟು ಬೇರೆ ಥರ ನೋಡೇ ಇಲ್ಲ’ ಅಂದ ಅವನು.

ಆ ಮಾತು ನನಗೆ ಚುಚ್ಚಿತು. ಅವನ ಅಪ್ಪನ ಚಿಕಿತ್ಸೆಗೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅವನು ಹದಿನೇಳು ರಾತ್ರಿ ಕಾರಿಡಾರಿನಲ್ಲಿ ಚಾಪೆ ಹಾಸಿ ಮಲಗಿದ್ದ. ನಾನು ಇದೇ ಊರಲ್ಲಿದ್ದೆ. ನೋಡೋಕೆ ಹೋಗಿದ್ದು ಎರಡು ಸಲ. ರಿಲೀಸ್ ಇತ್ತು, ಅದೂ ಇದೂ ಅಂತ ಹೇಳಿಕೊಂಡೆ. ‘ಬಾರೋ, ನನ್ನ ಮನೆಯಲ್ಲಿ ಸ್ನಾನ ಮಾಡಿ ಒಂದು ರಾತ್ರಿ ಮಲಗು’ ಅಂತ ಒಂದು ಸಲವೂ ಕರೆಯಲಿಲ್ಲ. ಅವತ್ತು ಓನರ್ ನೆಪವಾದ.

ಹಾಗಾಗಿ ಹೋಟೆಲ್ ಹುಡುಕುವ ಕೆಲಸ ನಾನೇ ಮೈಮೇಲೆ ಹಾಕಿಕೊಂಡೆ. ಇಂದಿರಾನಗರದಲ್ಲಿ ರೂಫ್‌ಟಾಪ್ ಪೂಲ್ ಇರುವ ಹೋಟೆಲ್, ರೂಮಿಗೆ 9,000 ರೂಪಾಯಿ, ಎರಡು ರೂಮು. ಲಿಂಕ್ ಹಾಕಿದೆ. ಮೇಷ್ಟ್ರು ಒಂದು ತಂಬ್ಸ್ ಅಪ್ ಹಾಕಿದ. ಪಿಕಪ್ಪಿನವನು ಮರುದಿನ ಬರೆದ: ‘ಈ ಸಲ ನೀವು ಹೋಗಿ ಬನ್ನಿ. ತೋಟದಲ್ಲಿ ಸ್ವಲ್ಪ ಕೆಲಸ ಇದೆ.’

ಹೋಂಸ್ಟೇ ಗೆಳೆಯ ನನಗೆ ಫೋನ್ ಮಾಡಿದ. ‘ಕೆಲಸ ಏನೂ ಇಲ್ಲ ಮಾರಾಯ. ನಿನ್ನ ರೇಟ್ ನೋಡಿ ಹಾಗೆ ಹೇಳಿದ್ದು.’

‘ನಾನೇ ಕೊಡ್ತೀನಿ ಕಣೋ ಎಲ್ಲಾ.’

‘ಅದನ್ನೇ ಮಾಡಬೇಡ. ನೀನು ಕೊಟ್ಟರೆ ಅವನು ನಿನ್ನ ಗೆಸ್ಟ್ ಆಗ್ತಾನೆ. ರಾತ್ರಿಯಿಡೀ ಥ್ಯಾಂಕ್ಸ್ ಹೇಳ್ಕೊಂಡು ಕೂತಿರಬೇಕು. ನನ್ನ ಹೋಂಸ್ಟೇಗೆ ಬರೋ ಗ್ಯಾಂಗ್‌ಗಳಲ್ಲಿ ಇದನ್ನ ದಿನಾ ನೋಡ್ತೀನಿ. ಒಬ್ಬ ಎಲ್ಲಾ ದುಡ್ಡು ಹಾಕಿರ್ತಾನೆ, ಇನ್ನೊಬ್ಬ ಬೆಳಗ್ಗೆ ಎದ್ದು ಎಲ್ಲರ ತಟ್ಟೆ ಎತ್ತುತ್ತಾ ಇರ್ತಾನೆ.’

ನನಗೆ ಮಾತೇ ಹೊರಡಲಿಲ್ಲ. ಆಮೇಲೆ ಅವನೇ ದಾರಿ ಹೇಳಿದ. ಪ್ರತಿಯೊಬ್ಬರೂ ತಮ್ಮಿಂದ ಎಷ್ಟು ಆಗುತ್ತೆ ಅಂತ ಅವನಿಗೊಬ್ಬನಿಗೇ ಖಾಸಗಿಯಾಗಿ ಹೇಳಬೇಕು. ಬಂದ ನಾಲ್ಕು ಮೊತ್ತಗಳಲ್ಲಿ ಅತಿ ಕಡಿಮೆ ಯಾವುದೋ, ಅದೇ ಎಲ್ಲರ ಬಜೆಟ್. ಯಾರದು ಎಷ್ಟು ಅಂತ ಯಾರಿಗೂ ಗೊತ್ತಾಗಬಾರದು. ರೂಮಿಗೆ ತಲೆಗೆ 1,500 ರೂಪಾಯಿ ಅಂತ ತೀರ್ಮಾನವಾಯಿತು. ತೋಟದ ಕೆಲಸ ಅದಾಗಿಯೇ ಮುಗಿದುಹೋಯಿತು.

ಮುಂದಿನ ಪ್ರಶ್ನೆ: ಯಾವ ದಿನ? ನನಗೆ ಶನಿವಾರ ರಾತ್ರಿ ಅಂತಲೇ ಇತ್ತು. ಹೋಂಸ್ಟೇಯವನಿಗೆ ಶನಿವಾರ ಅಂದರೆ ದುಡಿಮೆಯ ದಿನ. ‘ಭಾನುವಾರ ರಾತ್ರಿ ನೋಡು’ ಅಂದ. ನೋಡಿದರೆ ಅದೇ ಹೋಟೆಲುಗಳ ರೇಟು ಇಳಿದಿತ್ತು. ಕಾರಣ ಸರಳ. ಕೊಡಗಿನ ರೂಮು ತುಂಬುವುದು ಪ್ರವಾಸಿಗರಿಂದ, ಹಾಗಾಗಿ ವಾರಾಂತ್ಯ ದುಬಾರಿ. ಬೆಂಗಳೂರಿನ ಎಷ್ಟೋ ಹೋಟೆಲು ತುಂಬುವುದು ಕಂಪನಿ ಕೆಲಸಕ್ಕೆ ಬರುವವರಿಂದ. ಅವರು ಸೋಮವಾರದಿಂದ ಬರ್ತಾರೆ. ಭಾನುವಾರ ರಾತ್ರಿ ಎರಡಕ್ಕೂ ಸೇರದ ರಾತ್ರಿ. ಮೇಷ್ಟ್ರು ಸೋಮವಾರಕ್ಕೆ ಒಂದು ಸಿ.ಎಲ್. ಹಾಕಿದ. ನಾನೂ ರಜೆ ಹಾಕಿದೆ.

ತೆರಿಗೆಯನ್ನೂ ಲೆಕ್ಕ ಹಾಕಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ. 5; ಅದಕ್ಕಿಂತ ಹೆಚ್ಚಾದರೆ ಶೇ. 18. ನನ್ನ 9,000ದ ರೂಮು ತೆರಿಗೆ ಸೇರಿ 10,620 ಆಗುತ್ತಿತ್ತು. ಆಪ್‌ನ ಮೊದಲ ಪುಟದ ದಪ್ಪಕ್ಷರದ ರೇಟಿನಲ್ಲಿ ಇದು ಬಹಳ ಸಲ ಸೇರಿರುವುದಿಲ್ಲ.

ಆಮೇಲೆ ಏರಿಯಾ. ಮೆಜೆಸ್ಟಿಕ್, ಗಾಂಧಿನಗರದಲ್ಲಿ ರೂಮು ಅಗ್ಗ, ಬಸ್ಸು ರೈಲು ಹತ್ತಿರ. ಆದರೆ ಸಂಜೆ ಸುತ್ತಾಡೋಕೆ ಬೇರೆ ಕಡೆ ಹೋಗಬೇಕು. ಕೋರಮಂಗಲದಲ್ಲಿ ತಿನ್ನೋಕೆ ನೂರು ಜಾಗ, ಆದರೆ ಒಳಗೆ ಮೆಟ್ರೋ ಇಲ್ಲ. ಇಂದಿರಾನಗರದಲ್ಲಿ ಮೆಟ್ರೋ ಇದೆ, ಪಬ್ ಇದೆ. ಪಬ್ಬಿನ ಪಕ್ಕದ ಹೋಟೆಲಿನಲ್ಲಿ ನಿದ್ದೆ ಇಲ್ಲ. ಇದು ನನ್ನ ಸ್ವಂತ ಅನುಭವ: ಒಮ್ಮೆ ಫೋಟೋ ನೋಡಿ ಬುಕ್ ಮಾಡಿ, ರಾತ್ರಿ ಒಂದರವರೆಗೂ ಗೋಡೆ ಮೂಲಕ ಡಬ್ ಡಬ್ ಕೇಳಿಕೊಂಡು ಮಲಗಿದ್ದೆ.

ಇಲ್ಲಿ ಒಂದು ಲೆಕ್ಕ ಮುಖ್ಯ. 2024ರಲ್ಲಿ ಸರ್ಕಾರ ಬೆಂಗಳೂರಿನ ಬಾರ್, ರೆಸ್ಟೋರೆಂಟುಗಳಿಗೆ ರಾತ್ರಿ 1ರವರೆಗೆ ಅವಕಾಶ ಕೊಟ್ಟಿತು. ಮೆಟ್ರೋ ಕೊನೆಯ ರೈಲು 11ರ ಆಸುಪಾಸು. ನಡುವಿನ ಎರಡು ಗಂಟೆ ನೀವು ಆಟೋ, ಕ್ಯಾಬಿನವರ ಕೈಯಲ್ಲಿ. ಸ್ವಂತ ಕಾರು ತಂದಿದ್ದರೆ ಇನ್ನೂ ಕಷ್ಟ. ಕುಡಿದು ಓಡಿಸಿ ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ದಂಡದ ಮಾತು ಬಿಡಿ, ಮನೆಯಲ್ಲಿ ಕಾಯುವವರು ಇರ್ತಾರಲ್ಲ. ಅದಕ್ಕೇ ನಮ್ಮ ನಿಯಮ: ಊಟ ಮಾಡುವ ಜಾಗದಿಂದ ರೂಮಿಗೆ ನಡೆದೇ ಬರುವಂತಿರಬೇಕು. ಕಾರು ಹೋಟೆಲ್ ಪಾರ್ಕಿಂಗ್‌ನಲ್ಲಿ ನಿಂತರೆ ಬೆಳಗ್ಗೆಯೇ ಏಳಬೇಕು.

ಹೀಗೆ ಎಂ.ಜಿ. ರಸ್ತೆ, ಚರ್ಚ್ ಸ್ಟ್ರೀಟ್ ಸುತ್ತಮುತ್ತ ಅಂತ ಆಯಿತು. ಆಪ್‌ನಲ್ಲಿ ನಾಲ್ಕು ಹೋಟೆಲ್ ಆರಿಸಿದೆ. ಹೋಂಸ್ಟೇಯವನು ಅವನ್ನ ಓದಿದ ರೀತಿಯೇ ಬೇರೆ. ಹೋಟೆಲಿನವರು ಹಾಕಿದ ಫೋಟೋ ತೆರೆಯಲೇ ಇಲ್ಲ; ಗೆಸ್ಟುಗಳು ಹಾಕಿದ ಫೋಟೋ ಮಾತ್ರ. ಐದು ಸ್ಟಾರಿನ ರಿವ್ಯೂ ಬಿಟ್ಟು, ಕಳೆದ ಮೂರು ತಿಂಗಳ ಎರಡು, ಮೂರು ಸ್ಟಾರಿನವು ಮಾತ್ರ. ‘ಒಬ್ಬ ಬಿಸಿನೀರು ಬರಲಿಲ್ಲ ಅಂದರೆ ಅವನ ಗ್ರಹಚಾರ. ನಾಲ್ಕು ಜನ ಅಂದರೆ ಗೀಸರ್ ಕೆಟ್ಟಿದೆ.’

ಆಮೇಲೆ ನೇರ ಫೋನ್. ಅವನು ಕೇಳಿದ್ದು ಇಷ್ಟು: ಪಾರ್ಕಿಂಗ್ ನಿಮ್ಮದೇನಾ, ಪಕ್ಕದ ಖಾಲಿ ಸೈಟಾ? ರಸ್ತೆ ಕಡೆ ರೂಮಾ, ಹಿಂದುಗಡೆಯದಾ? ಎರಡು ಬೇರೆ ಮಂಚ ಇದೆಯಾ, ಎಕ್ಸ್‌ಟ್ರಾ ಬೆಡ್ ಅಂತ ನೆಲದ ಮೇಲೆ ಹಾಸಿಗೆ ಹಾಕ್ತೀರಾ? ರಾತ್ರಿ ಒಂದು ಗಂಟೆಗೆ ಬಂದರೆ ಬಾಗಿಲು ತೆಗೀತೀರಾ? ಲೋಕಲ್ ಐಡಿ ನಡೆಯುತ್ತಾ?

ಕೊನೆಯ ಪ್ರಶ್ನೆ ನನಗಾಗಿ. ಎರಡು ವರ್ಷದ ಹಿಂದೆ ಆಫೀಸಿನವರ ಜೊತೆ ಹೋದಾಗ ರಾತ್ರಿ ಹನ್ನೊಂದಕ್ಕೆ ರಿಸೆಪ್ಷನ್‌ನಲ್ಲಿ ನನ್ನ ಆಧಾರ್ ನೋಡಿ, ‘ಲೋಕಲ್ ಅಡ್ರೆಸ್ ಸರ್, ರೂಮ್ ಕೊಡಲ್ಲ’ ಅಂದಿದ್ದರು. ಕೆಲವು ಹೋಟೆಲುಗಳು ಅದೇ ಊರಿನ ವಿಳಾಸ ಇರುವವರಿಗೆ ರೂಮು ಕೊಡುವುದಿಲ್ಲ. ನಿಯಮಗಳ ಪಟ್ಟಿಯ ಕೆಳಗೆಲ್ಲೋ ಬರೆದಿರ್ತಾರೆ. ಚೆಟ್ಟಳ್ಳಿಯಲ್ಲಿ ಹುಟ್ಟಿ ಬೆಳೆದ ನಾನು ಕಾರ್ಡಿನ ಪ್ರಕಾರ ಬೆಂಗಳೂರಿನವನು. ಈ ಸಲವೂ ನಾಲ್ಕರಲ್ಲಿ ಒಂದು ಹೋಟೆಲ್ ಇದೇ ಕಾರಣಕ್ಕೆ ಬೇಡ ಅಂದಿತು. ‘ನಾವು ಮೂವರು ಒಳಗೆ ಮಲಗ್ತೀವಿ, ನೀನು ನಿನ್ನ ಓನರ್ ಹತ್ರ ಹೋಗು’ ಅಂತ ಮೇಷ್ಟ್ರು ನಕ್ಕ. ಅಂದಹಾಗೆ, ಆಧಾರ್ ಕೊಡುವಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಯುಐಡಿಎಐ ತಾಣದಲ್ಲಿ ಸಿಗುತ್ತೆ. ಅದು ನಡೆಯುತ್ತಾ ಅಂತಲೂ ಫೋನಿನಲ್ಲೇ ಕೇಳಿಬಿಡಿ.

ಪಿಕಪ್ಪಿನವನು ಇಷ್ಟೂ ದಿನ ಗ್ರೂಪಿನಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದ: ‘ರೂಮಿಗೆ ಕಿಟಕಿ ಇರುತ್ತಾ?’

ನಾನು ನಗುವ ಇಮೋಜಿ ಹಾಕಿದೆ. ಆದರೆ ಪೇಟೆಯ ಅಗ್ಗದ ಹೋಟೆಲುಗಳಲ್ಲಿ ಇದು ಕೇಳಲೇಬೇಕಾದ ಪ್ರಶ್ನೆ. ಎಷ್ಟೋ ರೂಮುಗಳಲ್ಲಿ ಕರ್ಟನ್ ಸರಿಸಿದರೆ ಹಿಂದೆ ಗೋಡೆ ಇರುತ್ತೆ. ಉಳಿದ ಮೂರರಲ್ಲಿ ಒಂದರಲ್ಲಿ ಐದನೇ ಮಹಡಿ, ತೆರೆಯುವ ಕಿಟಕಿ, ರೂಮಿಗೆ 2,800 ರೂಪಾಯಿ. ತೆರಿಗೆ ಸೇರಿ ಎರಡು ರೂಮಿಗೆ 5,880. ತಲೆಗೆ 1,470. ಮುಗಿಯಿತು.

ಭಾನುವಾರ ನಾನು ಊರಲ್ಲೇ ಇದ್ದೆ. ಹನ್ನೊಂದಕ್ಕೆ ಹೋಂಸ್ಟೇ ಗೆಸ್ಟುಗಳು ಚೆಕ್‌ಔಟ್ ಮಾಡಿದರು. ಹನ್ನೆರಡಕ್ಕೆ ನಾವು ಹೊರಟೆವು. ಹುಣಸೂರು ದಾಟಿ, ಮೈಸೂರು ದಾಟಿ, ಹೈವೇ ಹತ್ತಿದರೆ ಮುಂದೆ ಹಿಂದೆ ಎಲ್ಲಾ ಕೊಡಗಿನಿಂದ ವಾಪಸಾಗುವ ಬೆಂಗಳೂರಿನ ಕಾರುಗಳು. ‘ನಮ್ಮ ಗೆಸ್ಟುಗಳನ್ನ ಮನೆವರೆಗೂ ಬಿಟ್ಟು ಬರ್ತಿದ್ದೀವಿ ನೋಡು’ ಅಂದ ಹೋಂಸ್ಟೇಯವನು. ಸಂಜೆ ಆರೂವರೆಗೆ ಹೋಟೆಲಿನಲ್ಲಿದ್ದೆವು.

ರಾತ್ರಿ ನಾವು ಮಾಡಿದ್ದು ಹೇಳಿಕೊಳ್ಳುವಂಥದ್ದೇನಲ್ಲ. ಕಲ್ಲು ಹಾಸಿದ ಚರ್ಚ್ ಸ್ಟ್ರೀಟಿನಲ್ಲಿ ಆ ತುದಿಯಿಂದ ಈ ತುದಿಗೆ ಎರಡು ಸಲ ನಡೆದೆವು. ಮೇಷ್ಟ್ರು ಬ್ಲಾಸಂ ಪುಸ್ತಕದಂಗಡಿಯಲ್ಲಿ ಒಂದು ಗಂಟೆ ಮಾಯವಾದ. ಊಟದ ಜಾಗದಲ್ಲಿ ಇಬ್ಬರು ಬಿಯರ್, ಒಬ್ಬ ಲೈಮ್ ಸೋಡಾ. ಪಿಕಪ್ಪಿನವನು ಮೆನು ಮೇಲಿಂದ ಕೆಳಗೆ ಓದಿ ಗೀ ರೋಸ್ಟ್ ಹೇಳಿ, ‘ಅಮ್ಮ ಮಾಡೋ ಹಂದಿ ಕರಿ ಮುಂದೆ ಇದೇನೂ ಅಲ್ಲ’ ಅಂತ ತೀರ್ಪು ಕೊಟ್ಟ. ಬಿಲ್ಲು ನಾಲ್ಕು ಪಾಲು. ಹನ್ನೆರಡೂಕಾಲಿಗೆ ನಡೆದುಕೊಂಡೇ ರೂಮಿಗೆ ಬಂದೆವು.

ಅವನೂ ನಾನೂ ಒಂದು ರೂಮು. ಲೈಟ್ ಆರಿಸಿದ ಮೇಲೆ ನೋಡಿದರೆ ಅವನು ಕಿಟಕಿ ತೆಗೆದು ನಿಂತಿದ್ದ. ಕೆಳಗೆ ಆಟೋ, ದೂರದಲ್ಲಿ ಎಲ್ಲೋ ಆಂಬುಲೆನ್ಸ್ ಸದ್ದು.

‘ಅಲ್ಲಿ ಕಾರಿಡಾರಿಗೆ ಕಿಟಕಿ ಇರಲಿಲ್ಲ’ ಅಂದ. ‘ಹಗಲಾ ರಾತ್ರಿಯಾ ಗೊತ್ತಾಗ್ತಿರಲಿಲ್ಲ. ಈ ಊರಲ್ಲಿ ಹದಿನೇಳು ದಿನ ಇದ್ದರೂ ಊರು ನೋಡಿದ್ದು ಇವತ್ತೇ.’

ಇಷ್ಟು ದಿನ ನಾನು ಹೇಳದ ಮಾತನ್ನ ಆಗ ಹೇಳಿದೆ. ‘ಆವಾಗ ನಿನ್ನನ್ನ ಮನೆಗೆ ಕರೀಬೇಕಿತ್ತು ಕಣೋ. ಕರೀಲಿಲ್ಲ. ತಪ್ಪಾಯ್ತು.’

ಅವನು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ‘ಹ್ಞೂಂ, ಕರೀಬೇಕಿತ್ತು’ ಅಂದ. ಪರವಾಗಿಲ್ಲ ಅನ್ನಲಿಲ್ಲ. ಅದೇ ಒಳ್ಳೆಯದಾಯಿತು. ಆಮೇಲೆ ಅವನ ಅಪ್ಪನ ಬಗ್ಗೆ ಎರಡು ಗಂಟೆವರೆಗೂ ಮಾತಾಡಿದೆವು. ಪೂಲ್ ಪಕ್ಕದಲ್ಲಿ, ನನ್ನ ದುಡ್ಡಿನಲ್ಲಿ ಕೂತಿದ್ದರೆ ಅವನು ಆ ‘ಕರೀಬೇಕಿತ್ತು’ ಅನ್ನುವ ಮಾತು ಹೇಳುತ್ತಿದ್ದನಾ? ನನಗೆ ಅನುಮಾನ.

ಬೆಳಗ್ಗೆ ಇಂಡಿಯನ್ ಕಾಫಿ ಹೌಸ್. ಎಂ.ಜಿ. ರಸ್ತೆಯಲ್ಲಿದ್ದದ್ದು 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಬಂತು. ಹಿಂದೆ ಈ ಕಾಫಿ ಹೌಸುಗಳನ್ನ ನಡೆಸುತ್ತಿದ್ದದ್ದು ನಮ್ಮ ಚೆಟ್ಟಳ್ಳಿಯ ಉಪಕೇಂದ್ರವನ್ನು ನಡೆಸುವ ಅದೇ ಕಾಫಿ ಮಂಡಳಿ. ಮಂಡಳಿ ಮುಚ್ಚಲು ಹೊರಟಾಗ ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡು ಉಳಿಸಿಕೊಂಡರು; ಅಂಥ ಮೊದಲ ಸಂಘ ಹುಟ್ಟಿದ್ದು 1957ರಲ್ಲಿ, ಬೆಂಗಳೂರಿನಲ್ಲೇ. ಪಿಕಪ್ಪಿನವನು ಒಂದು ಗುಟುಕು ಕುಡಿದು, ಕಪ್ಪಿನೊಳಗೆ ಇಣುಕಿ, ‘ನಮ್ಮ ತೋಟದ ಒಂದು ಬೀಜನಾದರೂ ಇದರಲ್ಲಿ ಇರಬಹುದು’ ಅಂದ. ಬಿಲ್ಲು ಅವನೇ ಕೊಟ್ಟ. ನಾವ್ಯಾರೂ ತಡೆಯಲಿಲ್ಲ.

ನೀವೂ ಗ್ಯಾಂಗ್ ಕಟ್ಟಿಕೊಂಡು ಒಂದು ರಾತ್ರಿಗೆ ಹೊರಡುವವರಾದರೆ, ಆಪ್ ತೆರೆಯುವ ಮೊದಲು ಒಂದು ನಿಮಿಷ ಯೋಚಿಸಿ: ಈ ಪ್ಲಾನಿನಲ್ಲಿ ‘ನೀವು ಹೋಗಿ ಬನ್ನಿ’ ಅಂತ ಹಿಂದೆ ಸರಿಯುವವರು ಯಾರು? ಅವರಿಗೆ ಹೊಂದುವ ದಿನ, ಅವರಿಗೆ ಹೊಂದುವ ರೇಟು, ಅವರು ಕೇಳಿದ ಕಿಟಕಿ. ಉಳಿದದ್ದಕ್ಕೆ ಆಪ್‌ನಲ್ಲಿ ಫಿಲ್ಟರ್ ಇದೆ.