ಹಿಂದೆ ಕೂತವರ ದಾರಿ

ವಿಜಯಪುರ ಎಂದೊಡನೆ ಗೋಲಗುಂಬಜನ್ನು ನೆನೆಯಬೇಡಿ. ಆ ಊರು 2014ರವರೆಗೂ ಬಿಜಾಪುರವಾಗಿತ್ತು. ನಾನು ಹೇಳುತ್ತಿರುವುದು ದೇವನಹಳ್ಳಿ ತಾಲೂಕಿನ ವಿಜಯಪುರ. ದ್ರಾಕ್ಷಿ, ಹೂವು ಮತ್ತು ರೇಷ್ಮೆ ಗೂಡಿನ ಊರು. ನನ್ನ ಪತ್ನಿಯ ತವರು.

ನಮ್ಮ ಮನೆ ಇರುವುದು ದೊಡ್ಡಬಳ್ಳಾಪುರದಲ್ಲಿ. ಅಲ್ಲಿಂದ ದೇವನಹಳ್ಳಿ ಹಾದು ವಿಜಯಪುರಕ್ಕೆ ಸುಮಾರು 35 ಕಿಲೋಮೀಟರ್. ಬಸ್ಸಿಗೆ ಹೋದರೆ ದೇವನಹಳ್ಳಿಯಲ್ಲಿ ಇಳಿದು ಬೇರೆ ಬಸ್ಸಿಗೆ ಕಾಯಬೇಕು. ಕೈಯಲ್ಲಿ ಮಗು, ಚೀಲ, ಜೊತೆಗೆ ಬಿಸಿಲು. ಆದ್ದರಿಂದ ಮದುವೆಯಾದ ಮರುವರ್ಷ, 2004ರಲ್ಲಿ, ಯಾರೋ ಬಳಸಿದ್ದ ಒಂದು ಸ್ಪ್ಲೆಂಡರ್ ಕೊಂಡೆ. 97.2 ಸಿಸಿ ಇಂಜಿನ್ನಿನ ಗಾಡಿ. ನಮ್ಮಂಥ ಮೇಷ್ಟ್ರುಗಳ ಮನೆಯಲ್ಲಿ ಅದೇ ಕಾರು, ಅದೇ ಆಟೋ, ಅಕ್ಕಿ ಮೂಟೆ ತರುವ ಲಗೇಜು ಗಾಡಿಯೂ ಅದೇ.

ದಾರಿ ನೋಡಲು ಚೆನ್ನ. ಊರು ದಾಟಿದರೆ ರಾಗಿ ಹೊಲ, ನೀಲಗಿರಿ ತೋಪು, ಕಲ್ಲಿನ ಕಂಬಗಳ ಮೇಲೆ ಹಬ್ಬಿದ ದ್ರಾಕ್ಷಿ ಚಪ್ಪರ. ಚಪ್ಪರದಕಲ್ಲಿನ ಬಳಿ ಈಗ ಜಿಲ್ಲಾಡಳಿತ ಭವನವಿದೆ. 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಾದ ಮೇಲೂ ಬಹಳ ವರ್ಷ ಅದರ ಜಿಲ್ಲಾಧಿಕಾರಿ ಕಚೇರಿ ಬೆಂಗಳೂರು ನಗರದೊಳಗೇ ಇತ್ತು. ಒಂದು ಸಹಿಗೆ ವಿಧಾನಸೌಧದ ಆಸುಪಾಸಿಗೆ ಹೋಗಬೇಕಿತ್ತು. 2025ರ ಜುಲೈಯಲ್ಲಿ ನಂದಿ ಬೆಟ್ಟದ ಮೇಲೆ ಸಚಿವ ಸಂಪುಟ ಸೇರಿ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು ತೀರ್ಮಾನಿಸಿತು. ಹೆಸರು ಏನೇ ಆಗಲಿ, ಮುಂದೆ ದೇವನಹಳ್ಳಿಯ ಕೋಟೆ, ಅದರ ಹತ್ತಿರವೇ ಟಿಪ್ಪು ಸುಲ್ತಾನರು ಹುಟ್ಟಿದ ಜಾಗದ ಕಲ್ಲುಮಂಟಪ. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ತಲೆಯ ಮೇಲೆ ತಗ್ಗಿನಲ್ಲಿ ಹಾರುವ ವಿಮಾನಗಳೂ ಈ ದಾರಿಯ ನೋಟಕ್ಕೆ ಸೇರಿಕೊಂಡಿವೆ.

ಇದೆಲ್ಲ ನಾನು ಕಂಡ ದಾರಿ. ಮುಂದೆ ಕೂತವನ ದಾರಿ. ಹಿಂದೆ ಕೂತವರಿಗೆ ಅದೇ ದಾರಿ ಹೇಗಿತ್ತು ಎಂದು ಬಹಳ ವರ್ಷ ನಾನು ಕೇಳಲಿಲ್ಲ.

2013ರಲ್ಲಿ, ಮಳೆಗಾಲ ಮುಗಿಯುತ್ತಿದ್ದ ಹೊತ್ತು. ವಿಜಯಪುರದಿಂದ ಅಸರ್ ನಮಾಝ್ ಮುಗಿಸಿ ಹೊರಟೆವು. ಮಗ್ರಿಬ್‌ಗೆ ಮುಂಚೆ ಮನೆ ಸೇರುವ ಆತುರ. ಅತ್ತೆ ಒಂದು ಚೀಲ ತುಂಬ ಚಕ್ಕೋತ ಕೊಟ್ಟಿದ್ದರು. ದೇವನಹಳ್ಳಿ ಚಕ್ಕೋತ ಒಂದೊಂದೂ ಮಗುವಿನ ತಲೆಯಷ್ಟು ದಪ್ಪ. ಆ ಚೀಲ ಪತ್ನಿಯ ತೊಡೆಯ ಮೇಲೆ. ಬುರ್ಖಾ ತೊಟ್ಟು ಒಂದೇ ಕಡೆಗೆ ಕಾಲು ಹಾಕಿ ಕೂತಿದ್ದಳು. ಒಂದು ಕೈ ಚೀಲದ ಮೇಲೆ, ಇನ್ನೊಂದು ನನ್ನ ಭುಜದ ಮೇಲೆ. ಮುಂದೆ, ಟ್ಯಾಂಕಿನ ಮೇಲೆ, ಎಂಟು ವರ್ಷದ ಮಗಳು. ಮೂವರು! ಮೋಟಾರು ವಾಹನ ಕಾಯ್ದೆಯ 128ನೇ ಸೆಕ್ಷನ್ ಸವಾರನ ಹಿಂದೆ ಒಬ್ಬರಿಗೆ ಮಾತ್ರ ಅವಕಾಶ ಕೊಡುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಕ್ಕಳಿಗೆ ಶಿಸ್ತಿನ ಪಾಠ ಹೇಳುವವನು ನಾನು.

ಚಪ್ಪರದಕಲ್ಲಿಗೆ ಸ್ವಲ್ಪ ಮೊದಲು ಒಂದು ಹಂಪ್ ಇತ್ತು. ನೂರಾರು ಸಲ ದಾಟಿದ್ದ ಹಂಪ್. ಅಂದು ಎದುರಿನಿಂದ ಬಂದ ಲಾರಿಯ ಬೆಳಕಿಗೆ ಕಣ್ಣು ಕೋರೈಸಿ, ವೇಗ ತಗ್ಗಿಸದೆ ಹಾರಿಸಿಬಿಟ್ಟೆ. ಗಾಡಿ ನೆಟ್ಟಗೇ ಇತ್ತು, ನಾನೂ ನೆಟ್ಟಗಿದ್ದೆ. ಆದರೆ ಗಾಡಿ ಹಗುರವಾಯಿತು. ಏಕೆಂದು ಹೊಳೆಯುವ ಮೊದಲೇ ಕನ್ನಡಿಯಲ್ಲಿ ನೋಡಿದ ಮಗಳು ಕೂಗಿದಳು: "ಅಬ್ಬಾ, ಅಮ್ಮಿ ಇಲ್ಲ!"

ತಿರುಗಿ ನೋಡಿದಾಗ ರಸ್ತೆಯ ತುಂಬ ಚಕ್ಕೋತಗಳು ಉರುಳುತ್ತಿದ್ದವು. ನಡುವೆ ಅವಳು ಕೂತಿದ್ದಳು, ಎಡಗೈಯನ್ನು ಎದೆಗೆ ಒತ್ತಿಕೊಂಡು. ಹಿಂದೆ ಬರುತ್ತಿದ್ದ ಟೆಂಪೋದವನು ಗಾಡಿಯನ್ನು ರಸ್ತೆಗೆ ಅಡ್ಡ ನಿಲ್ಲಿಸಿ ಬೇರೆ ವಾಹನಗಳನ್ನು ತಡೆದಿದ್ದ. ಅವನ ಹೆಸರೂ ಕೇಳಲಿಲ್ಲ. ಇಂದಿಗೂ ದುಆ ಮಾಡುತ್ತೇನೆ. ತಲೆಗೆ ಏಟಾಗಿರಲಿಲ್ಲ, ಅಲ್ಲಾಹನ ಕೃಪೆ. ಮಣಿಕಟ್ಟಿನ ಮೂಳೆ ಮುರಿದಿತ್ತು. ಆರು ವಾರ ಪಟ್ಟಿ. ಆ ಆರು ವಾರ ನಾನೇ ಮುದ್ದೆ ತಿರುವಿದೆ. ಗಂಟಿಲ್ಲದ ಮುದ್ದೆ ಒಂದು ದಿನವೂ ಆಗಲಿಲ್ಲ.

ಅವಳು ನನ್ನನ್ನು ಬಯ್ಯಲಿಲ್ಲ. ಆದರೆ ಮುಂದಿನ ಎರಡು ವರ್ಷ ತವರಿಗೆ ಬಸ್ಸಿನಲ್ಲೇ ಹೋದಳು.

ಆಮೇಲೆ ನಾನು ಇದರ ಬಗ್ಗೆ ಯೋಚಿಸತೊಡಗಿದೆ. ನಮ್ಮ ಗಾಡಿಯ ತೂಕ ಸುಮಾರು 110 ಕಿಲೋ. ನನ್ನದು 74, ಪತ್ನಿಯದು 62. ಅಂದರೆ ಹೊತ್ತವರಿಗಿಂತ ಹೊರಿಸಿಕೊಂಡದ್ದೇ ಹಗುರ. 200 ಕಿಲೋ ತೂಗುವ ದೊಡ್ಡ ಮೋಟಾರು ಸೈಕಲ್ಲಿಗೆ ಹಿಂದೆ ಕೂತವರು ಒಂದಿಷ್ಟು ಹೆಚ್ಚಿನ ಭಾರ, ಅಷ್ಟೆ. ನಮ್ಮ ಸಣ್ಣ ಗಾಡಿಗೆ ಅದು ಗಾಡಿಯ ಅರ್ಧಕ್ಕಿಂತ ಹೆಚ್ಚು. ಅದೂ ಎಲ್ಲಿ? ಹಿಂದಿನ ಚಕ್ರದ ಮೇಲೆ. ಹಿಂದೆ ಭಾರ ಬಿದ್ದಾಗ ಮುಂದಿನ ಚಕ್ರ ಹಗುರವಾಗಿ ಹ್ಯಾಂಡಲ್ ಹಿಡಿತ ಸಡಿಲವಾಗುತ್ತದೆ. ಹೆಡ್‌ಲೈಟ್ ರಸ್ತೆ ಬಿಟ್ಟು ಮರ ನೋಡುತ್ತದೆ. ಬ್ರೇಕ್ ಹಾಕಿದರೆ ಒಬ್ಬನೇ ಇದ್ದಾಗ ನಿಲ್ಲುವಲ್ಲಿ ಗಾಡಿ ನಿಲ್ಲುವುದಿಲ್ಲ. ಲಾರಿಯನ್ನು ಹಿಂದಿಕ್ಕಲು ಹೊರಟರೆ ಇಂಜಿನ್ನಿಗೆ ದಮ್ಮು ಸಾಲದೆ ಅರ್ಧದಲ್ಲೇ ಉಳಿಯುತ್ತೇವೆ. ಒಂದೇ ಕಡೆಗೆ ಕಾಲು ಹಾಕಿ ಕೂತರೆ ಭಾರ ಎಡಕ್ಕೆ ವಾಲುತ್ತದೆ, ಕೂತವರ ಕಾಲಿಗೆ ಆಸರೆಯೂ ಒಂದೇ ಕಡೆ. ಹಂಪಿನ ಮೇಲೆ ಸೀಟು ಮೇಲೆದ್ದರೆ ಹಿಡಿಯಲು ಅವರಿಗೆ ಏನಿದೆ?

ಇರಬೇಕು ಎಂದು ನಿಯಮ ಹೇಳುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದು ಇದಕ್ಕೆಂದೇ ಇದೆ: ಹಿಂಬದಿ ಸೀಟಿರುವ ಗಾಡಿಗೆ ಕೈಹಿಡಿ, ಕಾಲಿಡಲು ಜಾಗ, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ಗಾರ್ಡ್. ನಮ್ಮ ಬೀದಿಯ ಹುಡುಗರು ಗಾಡಿ ಕೊಂಡ ವಾರದಲ್ಲೇ ಬಿಚ್ಚಿಸುವುದು ಆ ಸಾರಿ ಗಾರ್ಡನ್ನೇ. ಗಾಡಿ ಅಂದ ಕಾಣುವುದಿಲ್ಲವಂತೆ. ಅವರ ಹಿಂದೆ ಕೂರುವುದು ಅವರ ಅಮ್ಮಂದಿರ ದುಪಟ್ಟಾ, ಅಕ್ಕಂದಿರ ಬುರ್ಖಾ. ನನಗೆ ಈ ವಿಷಯದಲ್ಲಿ ಮಾತ್ರ ಕೋಪ ತಡೆಯಲು ಬರುವುದಿಲ್ಲ.

ನಾನು ಸುಮ್ಮನಿರಲಿಲ್ಲ. ಮೆಕ್ಯಾನಿಕ್ ಹತ್ತಿರ ಹೋಗಿ ಹಿಂದಿನ ಶಾಕ್ ಅಬ್ಸಾರ್ಬರ್ ಗಟ್ಟಿ ಮಾಡಿಸಿದೆ, ಅಗಲದ ಲೇಡೀಸ್ ಫುಟ್‌ರೆಸ್ಟ್ ಹಾಕಿಸಿದೆ. ಒಬ್ಬರಿಗೆ ಮತ್ತು ಇಬ್ಬರಿಗೆ ಹಿಂದಿನ ಟೈರಿನ ಗಾಳಿ ಬೇರೆ ಬೇರೆ ಎಂಬುದನ್ನು ಕೈಪಿಡಿಯಲ್ಲಿ ಆಗಲೇ ಮೊದಲ ಸಲ ಓದಿದೆ. 2016ರ ಜನವರಿಯಲ್ಲಿ ರಾಜ್ಯದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಯಿತು. ಊರೆಲ್ಲ ಗೊಣಗುತ್ತಿತ್ತು. ಸ್ಕಾರ್ಫಿನ ಮೇಲೆ ಹೆಲ್ಮೆಟ್ ಹೇಗೆ, ಸೆಕೆಗೆ ಏನು ಗತಿ ಎಂದು ಹೆಂಗಸರೂ ಕೇಳುತ್ತಿದ್ದರು. ನನ್ನ ಪತ್ನಿ ಮಾತ್ರ ಅಂಗಡಿಯಲ್ಲಿ ನಾಲ್ಕು ಹೆಲ್ಮೆಟ್ ಹಾಕಿ ನೋಡಿ ಒಂದನ್ನು ಆರಿಸಿದಳು, ಮತ್ತೆ ಗಾಡಿ ಹತ್ತಿದಳು.

ಅಷ್ಟರಲ್ಲಿ 2017ರ ಅಕ್ಟೋಬರ್ ಬಂತು. ನಿಮಗೆ ನೆನಪಿರಬಹುದು. 100 ಸಿಸಿಗಿಂತ ಕಡಿಮೆಯ ಗಾಡಿಯಲ್ಲಿ ಹಿಂದೆ ಯಾರೂ ಕೂರುವಂತಿಲ್ಲ ಎಂಬ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂತು. ಒಂದು ಅಪಘಾತದ ವಿಮಾ ಪ್ರಕರಣ ಹೈಕೋರ್ಟಿಗೆ ಹೋದಾಗ ಕರ್ನಾಟಕ ಮೋಟಾರು ವಾಹನ ನಿಯಮಗಳು, 1989ರ 143ನೇ ನಿಯಮ ಬೆಳಕಿಗೆ ಬಂತು. ಅಂಥ ಸಣ್ಣ ಗಾಡಿಗೆ ಹಿಂಬದಿ ಸೀಟು ಇರಬಾರದು ಎಂದು ಅದರಲ್ಲಿ ಮೊದಲಿನಿಂದಲೂ ಬರೆದಿತ್ತು, ಯಾರೂ ನೋಡಿರಲಿಲ್ಲ. ಸಾರಿಗೆ ಇಲಾಖೆ ಅದನ್ನು ಜಾರಿಗೆ ತರಲು ಹೊರಟಿತು. ಹೊಸದಾಗಿ ನೋಂದಣಿಯಾಗುವ ಗಾಡಿಗಳಿಗೆ ಮಾತ್ರ ಎಂದು ಇಲಾಖೆ ಹೇಳಿದರೂ ಜನ ಕೇಳಬೇಕಲ್ಲ.

ಮಸೀದಿ ಮುಂದೆ, ಚಹಾ ಅಂಗಡಿಯಲ್ಲಿ, ಪಂಚರ್ ಅಂಗಡಿಯಲ್ಲಿ ಅದೇ ಮಾತು. ನಮ್ಮೂರಲ್ಲಿ ಮಗ್ಗದ ಕೆಲಸದವರೆಲ್ಲ ಇಂಥ ಗಾಡಿಯವರೇ. ಬೆಳಿಗ್ಗೆ ಅಪ್ಪಾರೆಲ್ ಪಾರ್ಕಿನ ಗಾರ್ಮೆಂಟ್ಸಿಗೆ ಹೆಂಡತಿಯನ್ನು ಬಿಟ್ಟು, ತಾನು ಮಗ್ಗಕ್ಕೆ ಹೋಗುವ ಗಂಡಸು ಏನು ಮಾಡಬೇಕು? ಗೂಡು ಮಾರಲು ಟಿವಿಎಸ್ ಎಕ್ಸ್‌ಎಲ್ ಮೇಲೆ ಗಂಡ ಹೆಂಡತಿ ಬರುವ ರೈತರು? ಟಿವಿಎಸ್ ಅಂದಾಗ ನೆನಪಾಯಿತು. ನಮ್ಮ ಜಿಲ್ಲೆಯಿಂದ ಬಹಳ ದೂರವಿಲ್ಲದ ಹೊಸೂರಿನಲ್ಲಿ 1980ರಲ್ಲಿ ಟಿವಿಎಸ್ 50 ತಯಾರಾದಾಗ ಅದರ ಹೆಗ್ಗಳಿಕೆಯೇ ಅದು ದೇಶದ ಮೊದಲ ಇಬ್ಬರು ಕೂರುವ ಮೊಪೆಡ್ ಎಂಬುದು. 50 ಸಿಸಿ ಇಂಜಿನ್! ನಮ್ಮ ಅಬ್ಬಾ ಅಂಥದೊಂದರಲ್ಲಿ ಅಮ್ಮಿಯನ್ನು ಕೂರಿಸಿಕೊಂಡು, ಮುಂದೆ ನನ್ನನ್ನು ನಿಲ್ಲಿಸಿಕೊಂಡು, ಏರು ಬಂದಾಗ ಪೆಡಲ್ ತುಳಿಯುತ್ತ ಮದುವೆಗಳಿಗೆ ಹೋಗುತ್ತಿದ್ದರು.

ಕೆಲವೇ ವಾರಗಳಲ್ಲಿ ಸರಕಾರ ನಿಯಮದ 100ನ್ನು 50ಕ್ಕೆ ಇಳಿಸುವ ನಿರ್ಧಾರಕ್ಕೆ ಬಂತು, ಗಲಾಟೆ ತಣ್ಣಗಾಯಿತು. ಬಡವರ ಗಾಡಿಗೆ ಕತ್ತರಿ ಬೀಳಲಿಲ್ಲವೆಂದು ನಾನೂ ಸಂತೋಷಪಟ್ಟೆ. ಆದರೆ ಸುದ್ದಿ ಬಂದ ದಿನ ಪತ್ರಿಕೆಯನ್ನು ಜೋರಾಗಿ ಓದಿ ಹೇಳಿದಾಗ ಪತ್ನಿ ಅಡುಗೆಮನೆಯಿಂದ ಅಂದ ಮಾತು ಈಗಲೂ ಕಿವಿಯಲ್ಲಿದೆ. "ಹಿಂದೆ ಕೂತವರನ್ನು ಯಾರಾದರೂ ಕೇಳಿದರಾ?"

ಪತ್ರಿಕೆಗಳು ಹಿಂಬದಿ ಸವಾರ ಎಂದು ಬರೆಯುತ್ತವೆ. ಸವಾರಿ ಮಾಡುವವರು ಮುಂದಿನವರಲ್ಲವೇ? ನಮ್ಮ ಬೀದಿಯಲ್ಲಿ ಡಬಲ್ಸ್ ಅನ್ನುತ್ತಾರೆ, ಅದರಲ್ಲೂ ಆ ಮನುಷ್ಯನಿಗೆ ಹೆಸರಿಲ್ಲ. ಮದ್ರಸದಲ್ಲಿ ಹದೀಸ್ ಓದುವಾಗ ಕಲಿತ ಒಂದು ಅರಬಿ ಪದವಿದೆ, ರದೀಫ್. ವಾಹನದ ಮೇಲೆ ಒಬ್ಬರ ಹಿಂದೆ ಕೂತವರು ಎಂದರ್ಥ. ಉಫೈರ್ ಎಂಬ ಕತ್ತೆಯ ಮೇಲೆ ಪ್ರವಾದಿ(ಸ)ಯವರ ಹಿಂದೆ ಕೂತಿದ್ದವರು ಮುಆದ್ ಬಿನ್ ಜಬಲ್(ರ). ಅರಫಾದಿಂದ ಮುಝ್ದಲಿಫಾಕ್ಕೆ ಉಸಾಮಾ(ರ). ಖೈಬರಿನಿಂದ ಮರಳುವಾಗ ಪತ್ನಿ ಸಫಿಯ್ಯಾ(ರ) ಒಂಟೆ ಏರಲೆಂದು ಪ್ರವಾದಿ(ಸ)ಯವರು ತಮ್ಮ ಮೊಣಕಾಲನ್ನೇ ಮೆಟ್ಟಿಲಾಗಿ ಒಡ್ಡಿದ್ದರು. ಇದನ್ನು ಎಷ್ಟೋ ಸಲ ಮಕ್ಕಳಿಗೆ ಪಾಠ ಮಾಡಿದ್ದೇನೆ. ಪಾಠ ಮುಗಿಸಿ ಬಂದು, ಪತ್ನಿ ಸರಿಯಾಗಿ ಕೂತಳೋ ಇಲ್ಲವೋ ನೋಡದೆ ಗೇರ್ ಹಾಕಿದ್ದೇನೆ.

ಹಿಂದಿನ ಸೀಟಿನ ಅನುಭವ ನನಗೆ ದೊರೆತದ್ದು 2024ರಲ್ಲಿ. ಅಂದು ಟ್ಯಾಂಕಿನ ಮೇಲೆ ಕೂತಿದ್ದ ಮಗಳು ಈಗ ಡಿಗ್ರಿ ಓದುತ್ತಾಳೆ. ಲೈಸೆನ್ಸ್ ಪಡೆದು ಹಳೆಯದೊಂದು ಸ್ಕೂಟಿ ಇಟ್ಟುಕೊಂಡಿದ್ದಾಳೆ, 87.8 ಸಿಸಿ. ನನ್ನ ಗಾಡಿ ಮೆಕ್ಯಾನಿಕ್ ಹತ್ತಿರವಿದ್ದ ಒಂದು ಭಾನುವಾರ ವಿಜಯಪುರಕ್ಕೆ ತುರ್ತಾಗಿ ಹೋಗಬೇಕಾಯಿತು. "ಕೂತ್ಕೊಳ್ಳಿ ಅಬ್ಬಾ, ನಾನು ಬಿಡ್ತೀನಿ" ಅಂದಳು.

ಓದುಗರೇ, ಹಿಂದೆ ಕೂತರೆ ಮುಂದಿನ ರಸ್ತೆ ಕಾಣುವುದಿಲ್ಲ. ಕಾಣುವುದು ಒಂದು ಹೆಲ್ಮೆಟ್ಟಿನ ಹಿಂಭಾಗ. ಗುಂಡಿ ಯಾವಾಗ ಬರುತ್ತದೆ, ಬ್ರೇಕ್ ಯಾವಾಗ ಬೀಳುತ್ತದೆ, ಒಂದೂ ತಿಳಿಯದು. ಕೈಯನ್ನು ಎಲ್ಲಿಡಬೇಕೆಂದೇ ತೋಚಲಿಲ್ಲ. ಲಾರಿ ಪಕ್ಕದಲ್ಲಿ ಹಾದಾಗಲೆಲ್ಲ ಗಾಳಿ ನಮ್ಮನ್ನು ತಳ್ಳುತ್ತಿತ್ತು. ಅವಳು ಬ್ರೇಕ್ ಹಾಕುವ ಮೊದಲೇ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಎರಡು ಕಿಲೋಮೀಟರ್ ಆಗುವಷ್ಟರಲ್ಲಿ "ನಿಧಾನ" ಎಂದು ನಾಲ್ಕು ಸಲ ಹೇಳಿದ್ದೆ. ಮೀಟರ್ ನೋಡಲು ಪಕ್ಕಕ್ಕೆ ವಾಲಿದೆ. "ಅಬ್ಬಾ, ಅಲುಗಾಡಬೇಡಿ, ಗಾಡಿ ಎಳೆಯುತ್ತೆ" ಅಂದಳು. ವೇಗ 35 ದಾಟಿರಲಿಲ್ಲ.

ಮತ್ತೊಂದನ್ನು ಗಮನಿಸಿದೆ. ಪ್ರತಿ ಹಂಪಿಗೂ ಸ್ವಲ್ಪ ಮೊದಲು ಅವಳು "ಹಂಪ್" ಎಂದು ಹೇಳುತ್ತಿದ್ದಳು. ಗುಂಡಿ ಬಂದರೆ "ಗುಂಡಿ", ತಿರುವಿಗೆ "ತಿರುಗ್ತೀನಿ". ಆ ಒಂದು ಮಾತು ಕೇಳಿದರೆ ಸಾಕು, ಹಿಂದಿದ್ದ ನಾನು ಸೀಟಿನ ಹಿಡಿ ಬಿಗಿ ಹಿಡಿಯುತ್ತಿದ್ದೆ, ಮೈ ಸಿದ್ಧವಾಗುತ್ತಿತ್ತು. ದೇವನಹಳ್ಳಿಯಲ್ಲಿ ಚಹಾಕ್ಕೆ ನಿಂತಾಗ ಯಾರು ಕಲಿಸಿದರೆಂದು ಕೇಳಿದೆ.

"ಯಾರೂ ಕಲಿಸಿಲ್ಲ. ಅಮ್ಮಿ ಕೂತ್ಕೊಂಡಾಗ ಹೇಳ್ತೀನಿ, ಅಭ್ಯಾಸ ಆಗಿದೆ" ಅಂದಳು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ಆವತ್ತು ಹಂಪ್ ನನಗೆ ಕಂಡಿತ್ತು ಅಬ್ಬಾ. ಮುಂದೆ ಕೂತಿದ್ನಲ್ಲ. ನಿಮಗೂ ಕಂಡಿರುತ್ತೆ ಅಂದ್ಕೊಂಡೆ."

ಹನ್ನೊಂದು ವರ್ಷ ಆ ಹುಡುಗಿ ಅದನ್ನು ಒಳಗೇ ಇಟ್ಟುಕೊಂಡಿದ್ದಳು. ತಪ್ಪು ನನ್ನದು, ನಿನ್ನದಲ್ಲ ಎಂದು ಆ ಚಹಾ ಅಂಗಡಿಯಲ್ಲಿ ಹೇಳಿದೆ. ಮನೆಗೆ ಬಂದು ಅವಳ ತಾಯಿಯ ಮುಂದೆ ಇನ್ನೊಮ್ಮೆ ಹೇಳಿದೆ. ಪತ್ನಿ, "ಚಕ್ಕೋತ ಅಷ್ಟೊಂದು ತರಬಾರದಿತ್ತು" ಎಂದಳು.

ಈಗ ಮೂವರೂ ಹೋಗುವುದಾದರೆ ಎರಡು ಗಾಡಿ. ಪತ್ನಿ ಮಗಳ ಸ್ಕೂಟಿ ಹತ್ತುತ್ತಾಳೆ. ಬುರ್ಖಾದ ಅಂಚನ್ನು ಮಡಚಿ ಸಿಕ್ಕಿಸಿಕೊಂಡು, ಎರಡೂ ಕಡೆ ಕಾಲು ಹಾಕಿ ಗಟ್ಟಿಯಾಗಿ ಕೂರುತ್ತಾಳೆ. ಚೀಲಗಳೆಲ್ಲ ನನ್ನ ಗಾಡಿಗೆ. ಹೋದ ತಿಂಗಳು ಹೀಗೇ ಮರಳುತ್ತಿದ್ದೆವು. ಅವರಿಬ್ಬರೂ ಸ್ವಲ್ಪ ಹಿಂದೆ, ನಾನು ಮುಂದೆ. ಚಪ್ಪರದಕಲ್ಲಿನ ಹತ್ತಿರ ಬರುವಾಗ ವೇಗ ತಗ್ಗಿಸಿ, "ಹಂಪ್" ಎಂದು ಜೋರಾಗಿ ಹೇಳಿದೆ. ಪಕ್ಕದಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುತ್ತಿದ್ದವನು ತಿರುಗಿ ನನ್ನ ಹಿಂದಿನ ಸೀಟು ನೋಡಿದ. ಅಲ್ಲಿ ಒಂದು ಚೀಲ ದ್ರಾಕ್ಷಿ ಇತ್ತು.