ಇಲ್ಲಿ ಅಂದರೆ ಎಲ್ಲಿ?

ಫೋನಿನಲ್ಲಿ ಕಾಯಿಲೆ ಹೇಳಿಕೊಳ್ಳುವವರನ್ನು ಎಂದಾದರೂ ದೂರ ನಿಂತು ನೋಡಿದ್ದೀರಾ? ನೋಡಬೇಕು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಹೊಟ್ಟೆಯ ಮೇಲೆ. "ಇಲ್ಲೇ ಡಾಕ್ಟ್ರೇ, ಇಲ್ಲಿ, ಈ ಬದಿ" ಎಂದು ಬೆರಳಿನಿಂದ ಒತ್ತಿ ಒತ್ತಿ ತೋರಿಸುತ್ತಿರುತ್ತಾರೆ. ಆ ಕಡೆಯವರಿಗೆ ಬದಿಯೂ ಕಾಣದು, ಬೆರಳೂ ಕಾಣದು. "ಇಲ್ಲಿ ಅಂದರೆ ಎಲ್ಲಿ?" ಎಂದು ಅವರು ಕೇಳಿದರೆ ಇವರಿಗೆ ಸಿಟ್ಟು. "ಇಲ್ಲೇ ಅಂತ ಹೇಳ್ತಿದೀನಲ್ಲ!" ಎಂದು ಇನ್ನೂ ಜೋರಾಗಿ ಒತ್ತಿಕೊಳ್ಳುತ್ತಾರೆ. ಅಲ್ಲಿಯವರೆಗೆ ಇಲ್ಲದಿದ್ದ ನೋವು ಆಗ ನಿಜವಾಗಿ ಶುರುವಾಗುತ್ತದೆ. ನನ್ನ ಪರಿಚಯದವರೊಬ್ಬರು ನಾಲಿಗೆಯ ಹುಣ್ಣಿನ ವಿಚಾರ ಹೇಳುತ್ತ, ರಿಸೀವರನ್ನು ಬಾಯಿಯ ಎದುರು ಹಿಡಿದು "ಆ..." ಎಂದು ನಾಲಿಗೆ ಚಾಚಿ ನಿಂತದ್ದನ್ನು ಕಂಡಿದ್ದೇನೆ. ವಿಡಿಯೊ ಕಾಲ್ ಬರುವುದಕ್ಕೆ ಇನ್ನೂ ಬಹಳ ವರ್ಷ ಇತ್ತು.

ಈ ಫಜೀತಿ ನಮ್ಮದೊಂದೇ ಅಲ್ಲ, ಹೊಸದೂ ಅಲ್ಲ. ಗ್ರಹಾಂ ಬೆಲ್ ಟೆಲಿಫೋನಿಗೆ ಪೇಟೆಂಟ್ ಪಡೆದದ್ದು 1876ರಲ್ಲಿ. ಮೂರೇ ವರ್ಷಕ್ಕೆ, 1879ರಲ್ಲಿ, ಲಂಡನ್ನಿನ 'ಲ್ಯಾನ್ಸೆಟ್' ಎಂಬ ವೈದ್ಯಪತ್ರಿಕೆ ಒಂದು ಪ್ರಸಂಗವನ್ನು ಅಚ್ಚು ಹಾಕಿತು. ಚೊಚ್ಚಲ ಬಾಣಂತಿಯೊಬ್ಬಳ ಮಗು ರಾತ್ರಿ ಕೆಮ್ಮತೊಡಗಿತು. ಗಂಟಲು ಕಟ್ಟುವ ಕ್ರೂಪ್ ರೋಗವೇನೋ ಎಂದು ಹೆದರಿದ ತಾಯಿ ಅಜ್ಜಿಗೆ ಫೋನ್ ಮಾಡಿದಳು, ಅಜ್ಜಿ ಡಾಕ್ಟರನ್ನು ಎಬ್ಬಿಸಿದಳು. ಹಾಸಿಗೆ ಬಿಟ್ಟೇಳಲು ಮನಸ್ಸಿಲ್ಲದ ಡಾಕ್ಟರು, ಮಗುವನ್ನು ಫೋನಿನ ಹತ್ತಿರ ಹಿಡಿದು ಕೆಮ್ಮಿಸಿ ಎಂದರು. ಕೇಳಿದರು. ಇದು ಕ್ರೂಪ್ ಅಲ್ಲ ಎಂದು ತೀರ್ಪು ಕೊಟ್ಟು, ಅಜ್ಜಿಗೂ ಮಲಗಲು ಹೇಳಿ ತಾವೂ ಮಲಗಿದರು. ಚಿಕಿತ್ಸೆ ಆದದ್ದು ಯಾರಿಗೆ? ಕೆಮ್ಮು ಮಗುವಿನದು, ಮದ್ದು ಸಿಕ್ಕಿದ್ದು ಅಜ್ಜಿಗೆ. ಅಂದಹಾಗೆ, 2020ರಲ್ಲಿ ನಾವು ಯಾರಿಗೆ ಫೋನ್ ಮಾಡಿದರೂ ಮೊದಲು ಒಂದು ಕೆಮ್ಮು ಕೇಳುತ್ತಿತ್ತಲ್ಲ? ನೂರ ನಲವತ್ತು ವರ್ಷದಲ್ಲಿ ಆದ ಪ್ರಗತಿ ಅದು. ರೋಗಿ ಫೋನಿಗೆ ಕೆಮ್ಮುತ್ತಿದ್ದ ಕಾಲ ಹೋಗಿ ಫೋನೇ ನಮಗೆ ಕೆಮ್ಮುವ ಕಾಲ ಬಂತು.

ನಮ್ಮ ಸಾಗರದಲ್ಲಿ ನಾನು ಹುಡುಗನಾಗಿದ್ದಾಗ ಫೋನಿದ್ದ ಮನೆಗಳು ಬೆರಳೆಣಿಕೆ. ಡಾಕ್ಟರ ಮನೆಯದು ಎರಡಂಕಿಯ ನಂಬರು. ರಿಸೀವರ್ ಎತ್ತಿದರೆ ಮೊದಲು ಸಿಗುತ್ತಿದ್ದವರು ಎಕ್ಸ್‌ಚೇಂಜಿನ ಆಪರೇಟರು. ಅವರಿಗೆ ಊರಿನ ಸಮಸ್ತವೂ ಗೊತ್ತು. "ಡಾಕ್ಟ್ರು ಈಗಷ್ಟೇ ಶಿವಮೊಗ್ಗಕ್ಕೆ ಹೋದ್ರಲ್ಲ, ಎಂತಕ್ಕೆ?" ಎನ್ನುವರು. ಮಗುವಿಗೆ ಭೇದಿ ಅಂದರೆ, "ಗಂಜಿ ತಿಳಿಗೆ ಚೂರು ಉಪ್ಪು ಹಾಕಿ ಕುಡಿಸ್ತಾ ಇರಿ, ಅವರು ಬಂದಕೂಡಲೆ ನಾನೇ ಲೈನ್ ಕೊಡ್ತೀನಿ" ಎನ್ನುವರು. ಫೀಸಿಲ್ಲ, ಬೋರ್ಡಿಲ್ಲ. ನನ್ನ ಲೆಕ್ಕದಲ್ಲಿ ಮಲೆನಾಡಿನ ಮೊದಲ ಆರೋಗ್ಯ ಸಹಾಯವಾಣಿ ಆ ಆಪರೇಟರೇ. ಉಳಿದಂತೆ, ರಾತ್ರಿ ಹೊತ್ತು ಫೋನು ಬಡಿದುಕೊಂಡರೆ ಅದಕ್ಕೆ ಇದ್ದದ್ದು ಒಂದೇ ಅರ್ಥ. ಟ್ರಂಕ್ ಕಾಲ್ ಆಗಲಿ, ತಂತಿಯಾಗಲಿ, 'ಸೀರಿಯಸ್, ಕೂಡಲೆ ಹೊರಟು ಬನ್ನಿ' ಎನ್ನಲು ಮಾತ್ರ ಬರುತ್ತಿತ್ತು. ನೆಗಡಿಗೆ ಫೋನ್ ಮಾಡುವಷ್ಟು ಫೋನು ಅಗ್ಗವಾಗಿರಲಿಲ್ಲ.

ನೆಗಡಿಗೆ ಶಾಪಿಗೆ ಹೋಗಬೇಕು. ಶಾಪು ಎಂದರೆ ಡಿಸ್ಪೆನ್ಸರಿ. ಮನೆಯಿಂದಲೇ ಬಾಟಲಿ ಒಯ್ಯಬೇಕು. ಕಾಂಪೌಂಡರು ಅದಕ್ಕೆ ಕೆಂಪು ಮಿಕ್ಸ್ಚರ್ ಸುರಿದು, ಉದ್ದಕ್ಕೆ ಕತ್ತರಿಸಿದ ಕಾಗದದ ಪಟ್ಟಿಯನ್ನು ಮಡಚಿ, ಅಂಚಿನಲ್ಲಿ ಕತ್ತರಿಯಿಂದ ಕಚ್ಚು ಹಾಕಿ, ಬಿಡಿಸಿ, ಗೋಂದು ಬಳಿದು ಬಾಟಲಿಗೆ ಅಂಟಿಸುತ್ತಿದ್ದರು. ಒಂದು ಕಚ್ಚಿಗೆ ಒಂದು ಡೋಸು. ನಾವು ಮಕ್ಕಳು ಆ ಕಚ್ಚುಗಳನ್ನು ಎಣಿಸುತ್ತ ಮನೆಗೆ ಬರುತ್ತಿದ್ದೆವು. ಆದರೆ ಜ್ವರ ಇಳಿಯುತ್ತಿದ್ದುದು ಮಿಕ್ಸ್ಚರಿಗೂ ಮುಂಚೆ, ಡಾಕ್ಟರು ಸ್ಟೆತಾಸ್ಕೋಪನ್ನು ಕಿವಿಯಿಂದ ತೆಗೆಯುತ್ತ "ಏನಿಲ್ಲ, ಹೋಗಿ" ಎಂದಾಗ. ಆ ಎರಡು ಪದಕ್ಕೆ ಅಮ್ಮ ಎರಡು ಮೈಲಿ ನಡೆದು ಬರುತ್ತಿದ್ದಳು. ಈಗಿನ ಸ್ಪೆಷಲಿಸ್ಟುಗಳು ಯಾರೂ ಹಾಗೆ ಹೇಳುವುದಿಲ್ಲ. ರಿಪೋರ್ಟು ಬರಲಿ ನೋಡೋಣ ಎನ್ನುತ್ತಾರೆ.

ಆಮೇಲೆ ರೇಡಿಯೊದ ಫೋನ್-ಇನ್ ಕಾರ್ಯಕ್ರಮಗಳು ಬಂದವು. ವೈದ್ಯರೊಬ್ಬರು ಸ್ಟುಡಿಯೊದಲ್ಲಿ ಕೂತಿರುತ್ತಾರೆ, ಕೇಳುಗರು ಮನೆಯಿಂದ. "ನಿಮ್ಮ ರೇಡಿಯೊ ವಾಲ್ಯೂಮ್ ಸ್ವಲ್ಪ ಕಡಿಮೆ ಮಾಡಿ" ಎಂಬ ಮೊದಲ ಚಿಕಿತ್ಸೆಯಲ್ಲೇ ಅರ್ಧ ಸಮಯ ಹೋಗುತ್ತಿತ್ತು. ಉಳಿದರ್ಧದಲ್ಲಿ ಕೇಳುಗರು ಕಾರ್ಯಕ್ರಮ ಬಹಳ ಚೆನ್ನಾಗಿ ಬರುತ್ತಿದೆ ಎಂದು ಹೊಗಳಿ, ತಮ್ಮ ಮೂಲವ್ಯಾಧಿಯನ್ನು ಸ್ನೇಹಿತನ ತಲೆಗೆ ಕಟ್ಟಿ ವಿವರಿಸುತ್ತಿದ್ದರು. ಇಡೀ ಜಿಲ್ಲೆ ಕೇಳುತ್ತಿರುವಾಗ ಮತ್ತೇನು ಮಾಡಿಯಾರು.

104 ಬಂದಮೇಲೆ ಆ ಸ್ನೇಹಿತನಿಗೆ ಬಿಡುಗಡೆಯಾಯಿತು. ಆಂಧ್ರದಲ್ಲಿ 2007ರಲ್ಲಿ ಹುಟ್ಟಿದ ಈ ಏರ್ಪಾಡು ನಮ್ಮಲ್ಲಿಗೆ 'ಆರೋಗ್ಯವಾಣಿ' ಎಂಬ ಹೆಸರು ಹೊತ್ತು 2013ರಲ್ಲಿ ಬಂತು, ಹುಬ್ಬಳ್ಳಿಯಲ್ಲಿ ಕೂತಿತು. ಅದಕ್ಕೂ ಮುಂಚೆ, 2008ರ ರಾಜ್ಯೋತ್ಸವದ ದಿನ ಶುರುವಾದ 108 ಇತ್ತು. ಅದು ಆಂಬುಲೆನ್ಸಿನದು. ಜನ ಈಗಲೂ ಎರಡನ್ನೂ ಕಲಸಿಕೊಳ್ಳುತ್ತಾರೆ. ನನ್ನ ಸೋದರತ್ತೆ ಮಾತ್ರ ಕಲಸಿಕೊಳ್ಳಲಿಲ್ಲ. "108 ಎತ್ತಿಕೊಂಡು ಹೋಗುವವರಿಗೆ, 104 ಎದ್ದು ಕೂತವರಿಗೆ" ಎಂದು ತನ್ನ ಕೀಪ್ಯಾಡ್ ಫೋನಿನಲ್ಲಿ 104ನ್ನು ಎರಡನೆಯ ಗುಂಡಿಗೆ ಹೊಂದಿಸಿಕೊಂಡಿದ್ದಳು. ಮೊದಲನೆಯ ಗುಂಡಿ ಗ್ಯಾಸಿನವನದು. ನಾನು ಐದನೆಯವನು.

ಅತ್ತೆ ಪ್ರಾಥಮಿಕ ಶಾಲೆಯ ಟೀಚರಾಗಿ ನಿವೃತ್ತಳಾದವಳು. ಮಾವ ತೀರಿಕೊಂಡಮೇಲೆ ಒಬ್ಬಳೇ. ಜನ್ಮವಿಡೀ ಪ್ರಶ್ನೆ ಕೇಳಿದವಳಿಗೆ ಈಗ ಯಾರೋ ಪ್ರಶ್ನೆ ಕೇಳುತ್ತಾರೆಂದರೆ ಹಬ್ಬ. ಸಹಾಯವಾಣಿಯ ಕೆಲಸ ನಡೆಯುವುದೇ ಪ್ರಶ್ನೆಗಳ ಮೇಲೆ. ಹೆಸರು, ವಯಸ್ಸು, ಊರು ಆದಮೇಲೆ ತೊಂದರೆ ಏನು, ಎಷ್ಟು ದಿನದಿಂದ, ಎದೆನೋವು ಇದೆಯೇ, ಎಡಗೈಗೆ ಹಬ್ಬುತ್ತದೆಯೇ, ಬೆವರುತ್ತದೆಯೇ. ಒಂದೊಂದು ಉತ್ತರಕ್ಕೂ ಕಂಪ್ಯೂಟರಿನ ಪರದೆಯ ಮೇಲೆ ಮುಂದಿನ ಪ್ರಶ್ನೆ ಮೂಡುತ್ತದೆ. ಬೇಕಾದರೆ ಡಾಕ್ಟರಿಗೆ ದಾಟಿಸುತ್ತಾರೆ. ಅತ್ತೆ ಪ್ರತಿಯೊಂದಕ್ಕೂ ಪೂರ್ಣ ವಾಕ್ಯದಲ್ಲಿ ಉತ್ತರಿಸುವಳು. "ಎದೆ ನೋಯುವುದಿಲ್ಲ" ಎನ್ನುವಳೇ ಹೊರತು ಬರೀ "ಇಲ್ಲ" ಎನ್ನುವವಳಲ್ಲ. ಪೂರ್ಣಾಂಕದ ಆಸೆ.

ಅವಳ ಪರಾಕ್ರಮದಲ್ಲಿ ನನಗೆ ಅಚ್ಚುಮೆಚ್ಚಿನದು ಇಂಗ್ಲೆಂಡಿನ ಜ್ವರದ ಪ್ರಕರಣ. ಅವಳ ಮೈದುನನ ಮಗ ಸಂಸಾರ ಸಮೇತ ಮಿಲ್ಟನ್ ಕೀನ್ಸ್‌ನಲ್ಲಿದ್ದಾನೆ. 1998ರಲ್ಲಿ ಇಂಗ್ಲೆಂಡಿನವರು ನರ್ಸುಗಳನ್ನು ಫೋನಿನ ಮುಂದೆ ಕೂರಿಸಿ 'ಎನ್‌ಎಚ್‌ಎಸ್ ಡೈರೆಕ್ಟ್' ಎಂದು ಮೊದಲು ಪ್ರಯೋಗ ಮಾಡಿದ ಮೂರು ಸೀಮೆಗಳಲ್ಲಿ ಆ ಊರೂ ಒಂದು. ಈಗ ಅಲ್ಲಿನ ನಂಬರು 111. ಒಂದು ಚಳಿಗಾಲದ ರಾತ್ರಿ ಅಲ್ಲಿ ಅವನ ಎರಡು ವರ್ಷದ ಮಗಳಿಗೆ ಜ್ವರ. ಅವನು ಇಲ್ಲಿರುವ ತಾಯಿಗೆ ಹೇಳಿದ, ತಾಯಿ ಅತ್ತೆಗೆ ಹೇಳಿದಳು. ನಮ್ಮಲ್ಲಿ ಆಗ ರಾತ್ರಿ ಒಂದೂವರೆ. ಅವನು ಅಲ್ಲಿ 111ಕ್ಕೆ ಮಾಡುತ್ತಿರುವಾಗ ಅತ್ತೆ ಇಲ್ಲಿ ಎರಡನೆಯ ಗುಂಡಿ ಒತ್ತಿದಳು. ಮಾರನೆಯ ದಿನ ಇಬ್ಬರ ಪಾತ್ರವನ್ನೂ ತಾನೇ ವಹಿಸಿ ಅಭಿನಯಿಸಿ ತೋರಿಸಿದಳು.

"ಕೂಸಿನ ವಯಸ್ಸೆಷ್ಟ್ರೀ ಅಮ್ಮಾರ?"

"ಮಗುವಿಗೆ ಎರಡು ವರ್ಷ."

"ಊರು ಯಾವ್ದ್ರೀ?"

"ಮಿಲ್ಟನ್ ಕೀನ್ಸ್."

"ಅದು ಯಾವ ತಾಲೂಕಿನಾಗ ಬರ್ತೈತ್ರೀ?"

"ಅದಕ್ಕೆ ತಾಲ್ಲೂಕು ಇಲ್ಲ ಮಗಾ. ಅದು ಇಂಗ್ಲೆಂಡು."

ಹುಬ್ಬಳ್ಳಿಯ ಹುಡುಗಿ ಗಳಿಗೆ ಸುಮ್ಮನಾದಳಂತೆ. ಆಮೇಲೆ, "ನೀವಿರೂದು ಎಲ್ರೀ? ಸಾಗರ? ಹಂಗಾದ್ರ ಅದನ್ನ ಬರಕೋತೀನ್ರೀ" ಎಂದಳಂತೆ. ಸಾಗರ ತಾಲ್ಲೂಕಿನ ಲೆಕ್ಕದಲ್ಲಿ ಆ ರಾತ್ರಿ ಒಂದು ಜ್ವರ ಜಾಸ್ತಿಯಾಗಿರಬೇಕು. ಕೂಸು ನೀರು ಕುಡಿಯುತ್ತದೆಯೇ, ಒಂದಕ್ಕೆ ಸರಿಯಾಗಿ ಮಾಡುತ್ತಿದೆಯೇ, ಮೈಮೇಲೆ ಗುಳ್ಳೆ ಎದ್ದಿವೆಯೇ, ತೀರಾ ಮಂಕಾಗಿ ಬಿದ್ದಿದೆಯೇ ಎಂದೆಲ್ಲ ಕೇಳಿ, ಹೆಚ್ಚು ಬಟ್ಟೆ ಹೊದಿಸಬೇಡಿ, ತೂಕ ನೋಡಿ ಪ್ಯಾರಾಸಿಟಮಾಲ್ ಸಿರಪ್ಪು ಕೊಡಿ, ಉಸಿರು ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ ಎಂದು ಹೇಳಿದಳು. ಅಲ್ಲಿ 111ರವರು ಹೇಳಿದ್ದೂ ಅಕ್ಷರಶಃ ಅದೇ. ಒಂದು ಮಾತ್ರ ಹೆಚ್ಚು: ಮೈಮೇಲೆ ಕಲೆ ಕಂಡರೆ ಗಾಜಿನ ಲೋಟ ಒತ್ತಿ ನೋಡಿ, ಒತ್ತಿದಾಗ ಮಾಯವಾಗದಿದ್ದರೆ ಕೂಡಲೆ ಬನ್ನಿ ಎಂದಿದ್ದರಂತೆ. ಅತ್ತೆ ಆ ಲೋಟದ ವಿದ್ಯೆಯನ್ನು ಮುಂದಿನ ಸಲ ಹುಬ್ಬಳ್ಳಿಗೆ ತಲುಪಿಸಿದಳು. ಅವರಿಗೆ ಆಗಲೇ ಗೊತ್ತಿದ್ದಿರಬೇಕು. ಆದರೂ "ಹೌದೇನ್ರೀ ಅಮ್ಮಾರ!" ಎಂದರಂತೆ.

ಫೋನು ಎತ್ತುವವರು ಪ್ರತಿ ಸಲವೂ ಬೇರೆಬೇರೆ. ಅತ್ತೆಗೆ ಅದು ಲೆಕ್ಕಕ್ಕಿಲ್ಲ. ಅವಳ ಮಟ್ಟಿಗೆ ಎಲ್ಲರೂ ಒಬ್ಬಳೇ ಹುಡುಗಿ. ಹೋದ ಸಲ ಅರ್ಧಕ್ಕೆ ನಿಂತ ಮಾತನ್ನು ಈ ಸಲದವಳ ಹತ್ತಿರ ಮುಂದುವರಿಸುವಳು. ಊಟ ಆಯ್ತಾ, ರಾತ್ರಿ ಪಾಳಿಯಾ, ಮದುವೆ ನಿಶ್ಚಯ ಆಗುವ ಹಂತದಲ್ಲಿತ್ತಲ್ಲ, ಏನಾಯ್ತು? ಯಾರದೋ ಮದುವೆ ಇನ್ನಾರದೋ ಕುತ್ತಿಗೆಗೆ ಬೀಳುತ್ತಿತ್ತು. ಹುಡುಗಿಯರು ಪಾಪ, ನಕ್ಕು "ನಿಮಗ ಏನ್ ತ್ರಾಸ ಐತಿ ಅದನ್ನ ಹೇಳ್ರೀ ಮೊದಲ" ಎನ್ನುತ್ತಿದ್ದರು.

ತ್ರಾಸ ಏನೆಂದು ನನಗೆ ತಿಳಿದದ್ದೂ ಹಾಗೆಯೇ. ನಾನು ಪ್ರತಿ ಭಾನುವಾರ ತಪ್ಪದೆ ಫೋನ್ ಮಾಡುತ್ತೇನೆ. "ಹೇಗಿದ್ದೀಯ ಅತ್ತೆ?" ಅಂದರೆ, "ನಂಗೆಂತ ಆಗ್ತದೆ ಮಾರಾಯ, ಗುಂಡುಕಲ್ಲು ಇದ್ದಂಗಿದೀನಿ" ಎಂಬುದು ಅವಳ ಸ್ಥಿರ ಉತ್ತರ. ಒಮ್ಮೆ ಊರಿಗೆ ಹೋದವನು ಜಗಲಿಯಲ್ಲಿ ಪೇಪರು ಹಿಡಿದು ಕೂತಿದ್ದೆ. ನಾನು ನಿದ್ದೆ ಹೋಗಿದ್ದೇನೆಂದುಕೊಂಡು ಅಡುಗೆಮನೆಯಲ್ಲಿ ಅತ್ತೆ ಎರಡನೆಯ ಗುಂಡಿ ಒತ್ತಿದಳು.

"ತಲೆ ತಿರುಗುತ್ತದೆ. ದೀಪಾವಳಿಯಿಂದ. ಹಾಸಿಗೆಯಿಂದ ಏಳುವಾಗ ಜಾಸ್ತಿ." ಪೂರ್ಣ ವಾಕ್ಯಗಳು. "ಹೌದು, ಬಿದ್ದಿದ್ದೇನೆ. ಬಚ್ಚಲುಮನೆಯಲ್ಲಿ. ಮೊಣಕೈ ಊದಿತ್ತು, ಈಗ ಇಳಿದಿದೆ." ಆ ಊದಿದ ಮೊಣಕೈಯನ್ನು ನಾನು ನೋಡಿದ್ದೆ. ಬಾಗಿಲು ತಾಗಿದ್ದು ಎಂದಿದ್ದಳು. "ದೇವಸ್ಥಾನದ ಮೆಟ್ಟಿಲು ಹತ್ತುವುದನ್ನು ಬಿಟ್ಟಿದ್ದೇನೆ." ಮಂಡಿನೋವು ಎಂದಿದ್ದಳು ನನಗೆ. "ರಾತ್ರಿ ನಿದ್ದೆ ಬರುವುದಿಲ್ಲ. ಇಲ್ಲ ಮಗಾ, ಮನೆಯಲ್ಲಿ ಬೇರೆ ಯಾರೂ ಇಲ್ಲ. ಅಣ್ಣನ ಮಗ ಬಂದಿದ್ದಾನೆ, ಅವನಿಗೆ ಹೇಳುವುದಿಲ್ಲ. ಹೇಳಿದರೆ ಬೆಂಗಳೂರಿಗೆ ಕರೆದುಕೊಂಡು ಹೋಗಿ ಆ ಹನ್ನೊಂದನೆಯ ಮಹಡಿಯಲ್ಲಿ ಕೂರಿಸುತ್ತಾನೆ." ಹನ್ನೊಂದಲ್ಲ, ನಮ್ಮದು ಏಳನೆಯ ಮಹಡಿ.

ನಾನು ಪೇಪರು ಮಡಿಸಲೂ ಹೋಗಲಿಲ್ಲ, ಸದ್ದಾದೀತು ಎಂದು. ಭಾನುವಾರದ ಹರಟೆಯಲ್ಲೆಲ್ಲ ಸಿಕ್ಕದ ಅತ್ತೆ ಅಡುಗೆಮನೆಯ ಗೋಡೆಯಾಚೆ ಸಾಲುಸಾಲಾಗಿ ಬಿಚ್ಚಿಕೊಳ್ಳುತ್ತಿದ್ದಳು. ಆ ಹುಡುಗಿಗೆ ಒಂದು ಅನುಕೂಲವಿತ್ತು. ಅವಳು ಯಾರನ್ನೂ ಎಲ್ಲಿಗೂ ಕರೆದೊಯ್ಯುವವಳಲ್ಲ. ಈಗ ಮನಸ್ಸಿನ ಬೇಗುದಿಗೆಂದೇ ಟೆಲಿ ಮಾನಸ್ ಎಂಬ 14416 ಇದೆ. 2022ರ ಅಕ್ಟೋಬರಿನಲ್ಲಿ ಶುರುವಾಯಿತು, ನಮ್ಮ ನಿಮ್ಹಾನ್ಸ್ ಅದರ ಬೆನ್ನಿಗಿದೆ. ಅತ್ತೆಗೆ ಅದನ್ನು ಹೇಳಿಕೊಟ್ಟರೆ, "ನಂಗೆ ಹುಚ್ಚಾ?" ಎಂದಾಳು. ತಲೆ ತಿರುಗುತ್ತದೆ ಎಂಬ ನೆಪವಿದ್ದರೆ ಮಾತ್ರ ಅವಳು ನಿದ್ದೆ ಬರುವುದಿಲ್ಲ ಎಂದು ಹೇಳಬಲ್ಲಳು.

ಹುಡುಗಿ ಡಾಕ್ಟರಿಗೆ ಲೈನು ದಾಟಿಸಿದಳು. ಆ ಡಾಕ್ಟರು ಬಿ.ಪಿ. ನೋಡಿಸದೆ ಏನೂ ಹೇಳಲಾಗದು, ನಾಳೆಯೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ಒಬ್ಬರೇ ಹೋಗಬೇಡಿ ಎಂದರೆಂದು ಕಾಣುತ್ತದೆ. ಸಂಜೆ ಅತ್ತೆ ತಾನಾಗಿಯೇ, "ನಾಳೆ ಆಸ್ಪತ್ರೆ ಕಡೆ ಹೋಗಿಬರುವನ, ನಿನ್ನ ಬಿ.ಪಿ. ನೋಡಿಸಬೇಕು" ಎಂದಳು. ನನ್ನದು! ನಾನು ಆಗಲಿ ಎಂದೆ.

ಅಲ್ಲಿ ಡಾಕ್ಟರಮ್ಮ, ಅತ್ತೆಗಿಂತ ನಲವತ್ತು ವರ್ಷ ಚಿಕ್ಕವರು, "ಏನಮ್ಮ ತೊಂದರೆ?" ಎಂದು ಕೇಳಿದರು.

"ನಂಗೇನಿಲ್ಲ. ಇವನ ಜೊತೆ ಬಂದೆ."

ಸರಿ, ನಾನೇ ಶುರುಮಾಡಿದೆ. ದೀಪಾವಳಿ, ಹಾಸಿಗೆ, ಬಚ್ಚಲುಮನೆ, ಮೊಣಕೈ, ದೇವಸ್ಥಾನದ ಮೆಟ್ಟಿಲು. ನಾನು ಹೇಳುತ್ತಾ ಹೋದಂತೆ ಅತ್ತೆಯ ಮುಖ ಕಾಪಿ ಹೊಡೆದವನನ್ನು ಹಿಡಿದ ಟೀಚರಿನದಾಯಿತು. "ಕದ್ದು ಕೇಳ್ತೀಯೇನೋ?" ಎಂದಳು. ಡಾಕ್ಟರಮ್ಮ ನಗು ತಡೆದುಕೊಂಡು ತೋಳಿಗೆ ಪಟ್ಟಿ ಸುತ್ತಿದರು. ನೂರ ಎಪ್ಪತ್ತು, ನೂರು. ಮತ್ತೊಮ್ಮೆ ನೋಡಿದರು, ಅಷ್ಟೇ. ರಕ್ತಪರೀಕ್ಷೆಗೆ ಬರೆದು, ಒಂದು ಮಾತ್ರೆ ಬರೆದು, ಉಪ್ಪಿನಕಾಯಿ ಬಿಡಿ ಎಂದರು. ಉಪ್ಪಿನಕಾಯಿಯ ಮಾತಿಗೆ ಅತ್ತೆ ನನ್ನತ್ತ ನೋಡಿದ ನೋಟ, ಅದನ್ನೂ ನಾನೇ ಹೇಳಿಸಿದೆನೇನೋ ಎಂಬಂತಿತ್ತು.

ಆಟೊದಲ್ಲಿ ಅರ್ಧ ದಾರಿ ಮಾತಿಲ್ಲ. ಮಾರ್ಕೆಟ್ ರಸ್ತೆಗೆ ತಿರುಗಿದ ಮೇಲೆ ಬ್ಯಾಗಿನಿಂದ ಫೋನು ತೆಗೆದಳು, ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದಳು, ಎರಡನೆಯ ಗುಂಡಿ ಒತ್ತಿದಳು.

"ಹಲೋ, ನಾನು ಸಾಗರದ ಟೀಚರು. ನಿನ್ನೆ ಮಾಡಿದ್ದೆನಲ್ಲ. ಇಲ್ಲಿ ಡಾಕ್ಟ್ರು ಒಂದು ಮಾತ್ರೆ ಬರೆದಿದಾರೆ, ಸರಿಯಾ ನೋಡು. ನಿಧಾನಕ್ಕೆ ಹೇಳ್ತೀನಿ, ಬರ್ಕೋ. ಅಮ್ಲೊ... ಅಲ್ಲ, ಅ-ಕ್ಕೆ ಮ-ದ ಒತ್ತಲ್ಲ ಮಾರಾಯ್ತಿ, ಮ-ಕ್ಕೆ ಲ-ದ ಒತ್ತು. ಹಾಂ. ಅಮ್-ಲೊ-ಡಿ-ಪಿನ್. ಈಗ ನೀನು ಓದಿ ಹೇಳು ನೋಡುವನ."